ಒಂದು ಫೇಡರ್, ಎರಡು ದಾರಿ: ರೀಪರ್ ಜೊತೆ ಎಕ್ಸ್-ಟಚ್

ಈಗ ನಿಮ್ಮ ಮುಂದೆ ಇರೋದು ಬೆಹ್ರಿಂಗರ್ ಎಕ್ಸ್-ಟಚ್, ರೀಪರ್ ಥರದ ರೆಕಾರ್ಡಿಂಗ್ ಸಾಫ್ಟ್‌ವೇರನ್ನ ಕೈಯಿಂದ ನಡೆಸೋ ಹಲಗೆ, ಅಂದ್ರೆ ಕಂಟ್ರೋಲ್ ಸರ್ಫೇಸ್. ಒಂಬತ್ತು ಫೇಡರ್ (ವಾಲ್ಯೂಮ್ ಏರಿಸಿ ಇಳಿಸೋ ಜಾರುಗುಂಡಿ), ಅದರಲ್ಲಿ ಎಂಟು ಚಾನೆಲ್‌ಗೆ, ಒಂದು ಮಾಸ್ಟರ್‌ಗೆ. ಮೇಲೆ ಎಂಟು ನಾಬ್, ಅದರ ಕೆಳಗೆ ಎಂಟು ಪುಟ್ಟ ಡಿಸ್‌ಪ್ಲೇ, ಮೈತುಂಬ ಬಟನ್. ಮೊದಲ ಸಲ ನೋಡಿದವರು ಇದರ ಹಿಂದೆ ಮೈಕ್ ಚುಚ್ಚೋ ಜಾಗ ಹುಡುಕ್ತಾರೆ. ಇಲ್ಲ. ಇದರೊಳಗೆ ಒಂದು ಹನಿ ಧ್ವನಿಯೂ ಹರಿಯಲ್ಲ. ಧ್ವನಿ ಬರೋದು ಮೈಕ್ ಚುಚ್ಚೋ ಪೆಟ್ಟಿಗೆಯಿಂದ, ಅಂದ್ರೆ ನಿಮ್ಮ ಆಡಿಯೊ ಇಂಟರ್‌ಫೇಸ್‌ನಿಂದ, ಮಿಕ್ಸ್ ಆಗೋದು ಕಂಪ್ಯೂಟರಿನಲ್ಲಿ. ಇದು ಮೌಸ್‌ನ ದೊಡ್ಡಣ್ಣ, ಅಷ್ಟೇ.

ಮೌಸ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಇವತ್ತಿನ ವಿಡಿಯೊ ಪೂರ್ತಿ ಅದರ ಮೇಲೇ ನಿಂತಿದೆ. ಮೌಸ್ ಬರೀ ಹೇಳುತ್ತೆ, ಕೇಳಲ್ಲ. ಇದು ಎರಡೂ ಮಾಡುತ್ತೆ. ನೀವು ಫೇಡರ್ ಸರಿಸಿದ್ರೆ ಸುದ್ದಿ ಸಾಫ್ಟ್‌ವೇರ್‌ಗೆ ಹೋಗುತ್ತೆ. ಸಾಫ್ಟ್‌ವೇರ್‌ನಲ್ಲಿ ವಾಲ್ಯೂಮ್ ಬದಲಾದ್ರೆ ಸುದ್ದಿ ವಾಪಸ್ ಬಂದು ಮೋಟರ್ ಫೇಡರನ್ನ ಎಳೆದು ಅಲ್ಲಿಗೆ ತಂದು ನಿಲ್ಲಿಸುತ್ತೆ. ಹೋಗೋ ದಾರಿ ಒಂದು, ಬರೋ ದಾರಿ ಒಂದು. "ಕನೆಕ್ಟ್ ಮಾಡಿದೆ, ಕೆಲಸ ಮಾಡ್ತಿಲ್ಲ" ಅನ್ನೋ ಹತ್ತು ದೂರಿನಲ್ಲಿ ಎಂಟಕ್ಕೆ ಕಾರಣ ಈ ಎರಡರಲ್ಲಿ ಒಂದು ಕಡಿದಿರೋದು.

ಮೊದಲು ಭಾಷೆ. ಸರ್ಫೇಸ್ ಯಾವ ಭಾಷೆ ಮಾತಾಡಬೇಕು ಅಂತ ನಾವೇ ಹೇಳಬೇಕು. ಪವರ್ ಆಫ್ ಮಾಡಿ. ಒಂದನೇ ಚಾನೆಲ್‌ನ ಸೆಲೆಕ್ಟ್ ಬಟನ್ ಒತ್ತಿ ಹಿಡ್ಕೊಂಡೇ ಪವರ್ ಆನ್ ಮಾಡಿ. ಡಿಸ್‌ಪ್ಲೇನಲ್ಲಿ ಮೋಡ್ ಬರುತ್ತೆ, ಒಂದನೇ ನಾಬ್ ತಿರುಗಿಸಿ ಎಂಸಿ ಅನ್ನೋದಕ್ಕೆ ತನ್ನಿ. ಎಂಸಿ ಅಂದ್ರೆ ಮ್ಯಾಕಿ ಕಂಟ್ರೋಲ್. ಎರಡನೇ ನಾಬ್‌ನಲ್ಲಿ ಸಂಪರ್ಕ ಯಾವುದು ಅಂತ ಆರಿಸಬೇಕು, ಯುಎಸ್‌ಬಿ ಇಡಿ. ಮತ್ತೆ ಒಂದನೇ ಸೆಲೆಕ್ಟ್ ಒತ್ತಿ, ಮುಗೀತು. ಇದೇ ಪಟ್ಟಿಯಲ್ಲಿ ಎಚ್‌ಯುಐ ಅಂತ ಇನ್ನೊಂದು ಇದೆ. ಅದು ಪ್ರೋ ಟೂಲ್ಸ್ ಅನ್ನೋ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್‌ನವರಿಗೆ. ಪ್ರೋ ಟೂಲ್ಸ್‌ಗೆ ಮ್ಯಾಕಿ ಕಂಟ್ರೋಲ್ ಭಾಷೆ ಬರಲ್ಲ, ಮ್ಯಾಕಿ ಕಂಟ್ರೋಲ್‌ಗಿಂತ ಹಳೆಯ ಎಚ್‌ಯುಐ ಭಾಷೆನೇ ಬೇಕು. ರೀಪರ್, ಕ್ಯೂಬೇಸ್, ಲಾಜಿಕ್, ಸ್ಟುಡಿಯೊ ಒನ್, ಏಬಲ್‌ಟನ್ ಲೈವ್, ಆರ್ಡರ್ ಇಷ್ಟಕ್ಕೂ ಎಂಸಿ ನಡೆಯುತ್ತೆ. ಎಚ್‌ಯುಐನಲ್ಲಿಟ್ಟು ರೀಪರ್ ತೆಗೆದ್ರೆ ಸಂಬಂಧ ಇಲ್ಲದ ಲೈಟುಗಳು ಹತ್ತುತ್ತವೆ, ಒತ್ತಿದ್ದೊಂದು ಆಗೋದಿನ್ನೊಂದು. ಯಂತ್ರ ಕೆಟ್ಟಿಲ್ಲ, ಭಾಷೆ ತಪ್ಪಿದೆ.

ಇನ್ನು ರೀಪರ್. ಕಂಟ್ರೋಲ್ ಪಿ ಒತ್ತಿ ಪ್ರಿಫರೆನ್ಸಸ್ ತೆಗೀರಿ. ಎಡಗಡೆ ಪಟ್ಟಿಯಲ್ಲಿ ಕಂಟ್ರೋಲ್, ಓಎಸ್‌ಸಿ, ವೆಬ್ ಅಂತ ಒಂದು ಸಾಲಿದೆ. ಅಲ್ಲಿ ಆ್ಯಡ್ ಒತ್ತಿ, ಮ್ಯಾಕಿ ಕಂಟ್ರೋಲ್ ಯುನಿವರ್ಸಲ್ ಆರಿಸಿ. ಕೆಳಗೆ ಎರಡು ಜಾಗ: ಮಿಡಿ ಇನ್‌ಪುಟ್, ಮಿಡಿ ಔಟ್‌ಪುಟ್. ಮಿಡಿ ಅಂದ್ರೆ ಸಂಗೀತದ ಯಂತ್ರ, ಸಾಫ್ಟ್‌ವೇರ್‌ಗಳು ಸುದ್ದಿ ಕಳಿಸೋ ಪದ್ಧತಿ. ಎರಡಕ್ಕೂ ಎಕ್ಸ್-ಟಚ್ ಹಾಕಿ. ಎರಡಕ್ಕೂ. ಪಟ್ಟಿಯಲ್ಲಿ ಎಕ್ಸ್-ಟಚ್ ಹೆಸರು ಎರಡೆರಡು ಸಲ ಕಂಡ್ರೆ ಮೊದಲನೇದು ಸರ್ಫೇಸ್‌ದು. ಇನ್ನೊಂದು ಯಂತ್ರದ ಹಿಂದಿರೋ ಮಿಡಿ ಸಾಕೆಟ್‌ಗೆ, ಅದು ಬೇಡ.

ಈಗ ಪರೀಕ್ಷೆ. ಪರದೆ ಮೇಲೆ ಮೌಸ್‌ನಿಂದ ಒಂದನೇ ಟ್ರ್ಯಾಕ್‌ನ ವಾಲ್ಯೂಮ್ ಎಳೀರಿ. ಯಂತ್ರದ ಫೇಡರ್ ತಾನಾಗಿ ಚಲಿಸಿತಾ? ಬರೋ ದಾರಿ ಸರಿ. ಈಗ ಕೈಯಿಂದ ಫೇಡರ್ ಎತ್ತಿ. ಪರದೆ ಮೇಲೂ ಏರಿತಾ? ಹೋಗೋ ದಾರಿ ಸರಿ. ಕೈಯಿಂದ ಎತ್ತಿದಾಗ ಪರದೆಯಲ್ಲಿ ಏರುತ್ತೆ, ಆದ್ರೆ ಬೆರಳು ಬಿಟ್ಟ ತಕ್ಷಣ ಫೇಡರ್ ದೊಪ್ ಅಂತ ಕೆಳಗೆ ಬೀಳುತ್ತೆ, ಡಿಸ್‌ಪ್ಲೇನಲ್ಲಿ ಟ್ರ್ಯಾಕ್ ಹೆಸರೂ ಇಲ್ಲ ಅಂದ್ರೆ ಔಟ್‌ಪುಟ್ ಹಾಕಿಲ್ಲ. ಈ ಭಾಷೆಯಲ್ಲಿ ಫೇಡರ್ ಎಲ್ಲಿರಬೇಕು ಅನ್ನೋದು ಸಾಫ್ಟ್‌ವೇರ್ ತೀರ್ಮಾನ. ಅದು "ಸರಿ, ಅಲ್ಲೇ ಇರು" ಅಂತ ವಾಪಸ್ ಹೇಳದಿದ್ರೆ ಮೋಟರ್ ಹಳೇ ಜಾಗಕ್ಕೇ ಎಳ್ಕೊಂಡು ಹೋಗುತ್ತೆ. ಇದನ್ನ ನೋಡಿ ಮೋಟರ್ ಹೋಯ್ತು ಅಂತ ಸರ್ವಿಸ್‌ಗೆ ಹೊತ್ಕೊಂಡು ಹೋಗಬೇಡಿ.

ವಿಂಡೋಸ್‌ನವರಿಗೆ ಇನ್ನೆರಡು ಮಾತು. ಒಂದು ಮಿಡಿ ಪೋರ್ಟನ್ನ ಸಾಮಾನ್ಯವಾಗಿ ಒಂದೇ ಪ್ರೋಗ್ರಾಮ್ ಹಿಡ್ಕೊಳ್ಳುತ್ತೆ. ಹಿಂದೆ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದೇ ಇದ್ರೆ ರೀಪರ್‌ಗೆ ಪೋರ್ಟ್ ಸಿಗದೇ ಹೋಗಬಹುದು. ಮತ್ತೆ, ಯುಎಸ್‌ಬಿ ಕೇಬಲ್ ದಿನಕ್ಕೊಂದು ಪೋರ್ಟ್‌ಗೆ ಚುಚ್ಚಬೇಡಿ. ಪೋರ್ಟ್ ಬದಲಾದ್ರೆ ವಿಂಡೋಸ್ ಅದೇ ಯಂತ್ರಕ್ಕೆ ಹೆಸರಿನ ಹಿಂದೆ ಅಂಕಿ ಸೇರಿಸಿ ಹೊಸದು ಅಂದ್ಕೊಳ್ಳಬಹುದು, ರೀಪರ್ ಹಳೇ ಹೆಸರನ್ನೇ ಹುಡುಕ್ತಾ ಕೂತಿರುತ್ತೆ.

ಈಗ ಒಂದು ತಮಾಷೆ ತೋರಿಸ್ತೀನಿ, ಕೇಳಿ. ಒಂದು ಟ್ರ್ಯಾಕ್‌ನಲ್ಲಿ ಸಿಂಥ್ (ಸಾಫ್ಟ್‌ವೇರ್ ವಾದ್ಯ) ಹಾಕಿದೆ, ಇನ್‌ಪುಟ್ ಆಲ್ ಮಿಡಿ ಇನ್‌ಪುಟ್ಸ್ ಅಂತಿದೆ, ಆರ್ಮ್ ಮಾಡಿದೆ, ಅಂದ್ರೆ ರೆಕಾರ್ಡಿಂಗ್‌ಗೆ ಸಿದ್ಧ ಇಟ್ಟೆ. ಕೀಬೋರ್ಡ್‌ನಲ್ಲಿ ಒಂದು ಸ್ವರ ಒತ್ತಿ ಹಿಡಿದು ಮೊದಲನೇ ಫೇಡರ್ ಎತ್ತಿದ್ರೆ ಶ್ರುತಿ ಜಾರ್ತಾ ಮೇಲೆ ಹೋಗುತ್ತೆ! ಫೇಡರ್ ಬರೀ ಮುಟ್ಟಿದ್ರೂ ಕೀ ಅಂತ ಎತ್ತರದ ಸ್ವರವೊಂದು ಕೂಗುತ್ತೆ. ದೆವ್ವ ಗಿವ್ವ ಏನಿಲ್ಲ. ಮ್ಯಾಕಿ ಕಂಟ್ರೋಲ್‌ನಲ್ಲಿ ಫೇಡರ್ ಸುದ್ದಿ ಹೋಗೋದು ಪಿಚ್ ಬೆಂಡ್, ಅಂದ್ರೆ ಶ್ರುತಿ ಜಾರಿಸೋ ಸಂದೇಶವಾಗಿ, ಒಂದನೇ ಫೇಡರ್ 1ನೇ ಮಿಡಿ ಚಾನೆಲ್‌ನಲ್ಲಿ, ಎರಡನೇದು 2ರಲ್ಲಿ, ಮಾಸ್ಟರ್ 9ರಲ್ಲಿ. ಪಿಚ್ ಬೆಂಡ್ ಯಾಕೆ? ಸಾಮಾನ್ಯ ಮಿಡಿ ಕಂಟ್ರೋಲರ್ ಸಂದೇಶದಲ್ಲಿ 0ರಿಂದ 127ರವರೆಗೆ 128 ಮೆಟ್ಟಿಲು ಮಾತ್ರ. ವಾಲ್ಯೂಮ್‌ಗೆ ಅದು ಒರಟು, ನಿಧಾನ ಇಳಿಸುವಾಗ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತೆ. ಪಿಚ್ ಬೆಂಡ್‌ನಲ್ಲಿ 16,384 ಮೆಟ್ಟಿಲಿಗೆ ಜಾಗ ಇದೆ. ಬಟನ್‌ಗಳೆಲ್ಲ ನೋಟ್‌ಗಳು: ಪ್ಲೇ 94, ರೆಕಾರ್ಡ್ 95. ಫೇಡರ್ ಮುಟ್ಟಿದ್ದೂ ಒಂದು ನೋಟ್, 104ರಿಂದ ಶುರು. ಆ ಕೀ ಅನ್ನೋ ಸ್ವರ ಅದೇ.

ಪರಿಹಾರ ಸುಲಭ. ರೀಪರ್ ಪ್ರಿಫರೆನ್ಸಸ್‌ನ ಮಿಡಿ ಡಿವೈಸ್‌ಗಳ ಪುಟಕ್ಕೆ ಹೋಗಿ ಎಕ್ಸ್-ಟಚ್ ಇನ್‌ಪುಟ್ ಡಿಸೇಬಲ್ ಮಾಡಿ. ಗಾಬರಿ ಬೇಡ, ಸರ್ಫೇಸ್ ನಿಲ್ಲಲ್ಲ. ಅದರ ಪೋರ್ಟನ್ನ ರೀಪರ್ ಕಂಟ್ರೋಲ್ ಪುಟದಿಂದಲೇ ತೆರೆಯುತ್ತೆ. ಕ್ಯೂಬೇಸ್‌ನಲ್ಲಿ ಇದೇ ಕೆಲಸಕ್ಕೆ ಮಿಡಿ ಪೋರ್ಟ್ ಸೆಟಪ್‌ನಲ್ಲಿ ಇನ್ ಆಲ್ ಮಿಡಿ ಇನ್‌ಪುಟ್ಸ್ ಅನ್ನೋ ಟಿಕ್ ತೆಗೀಬೇಕು.

ಟ್ರ್ಯಾಕ್ ಜೋಡಣೆಗೆ ಬರೋಣ. ಉದಾಹರಣೆಗೆ ಒಂದು ಕರ್ನಾಟಕ ಸಂಗೀತ ಕಛೇರಿ ತಗೊಂಡಿದ್ದೀನಿ, ಯಾಕಂದ್ರೆ ಅದು ಎಂಟಕ್ಕೆ ಸರಿಯಾಗಿ ಕೂರುತ್ತೆ: ಗಾಯನ, ಪಿಟೀಲು, ಮೃದಂಗದ ಬಲ, ಮೃದಂಗದ ಎಡ, ಘಟ, ತಂಬೂರಿ, ಸಭಾಂಗಣದ ಎರಡು ಮೈಕ್. ಹೆಸರು ಕನ್ನಡದಲ್ಲಿ ಬರೀಬೇಡಿ, ಬೇಜಾರಿನ ಸಂಗತಿ ಆದ್ರೂ ನಿಜ. ಈ ಡಿಸ್‌ಪ್ಲೇಗೆ ಗೊತ್ತಿರೋದು ಇಂಗ್ಲಿಷ್ ಅಕ್ಷರ, ಅಂಕಿ, ಒಂದಷ್ಟು ಚಿಹ್ನೆ. ಕನ್ನಡ ಹಾಕಿದ್ರೆ ಕಸ ಕಾಣುತ್ತೆ. ಒಂದು ಚಾನೆಲ್‌ಗೆ ಏಳೇ ಅಕ್ಷರದ ಜಾಗ, ನೀವು ಆರಕ್ಕೆ ಲೆಕ್ಕ ಹಾಕಿ. ಮೃದಂಗ ಅಂತ ಪೂರ್ತಿ ಬರೆದು ಕೊನೆಗೆ ಬಲ, ಎಡ ಅಂತ ಸೇರಿಸಿದ್ರೆ ಕೊನೆ ಕತ್ತರಿಸಿ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೆ ಬೇರೆ ಆಗೋ ಅಕ್ಷರ ಮೊದಲು ಹಾಕಿ: ಆರ್ ಮೃದ್, ಎಲ್ ಮೃದ್. ಮತ್ತೆ, ಮೃದಂಗದ ಎರಡನ್ನೂ ಒಂದು ಫೋಲ್ಡರ್ ಟ್ರ್ಯಾಕ್‌ನೊಳಗೆ ಇಟ್ರೆ ಆ ಫೋಲ್ಡರೂ ಒಂದು ಫೇಡರ್ ತಿನ್ನುತ್ತೆ, ಕೊನೆಯ ಮೈಕ್ ಮುಂದಿನ ಬ್ಯಾಂಕ್‌ಗೆ, ಅಂದ್ರೆ ಬ್ಯಾಂಕ್ ಬಟನ್ ಒತ್ತಿದ್ರೆ ಬರೋ ಮುಂದಿನ ಎಂಟರ ಗುಂಪಿಗೆ ಹೋಗುತ್ತೆ. ಎಂಟಕ್ಕಿಂತ ಜಾಸ್ತಿ ದಿನಾ ಬೇಕು ಅನ್ನೋರು ಎಕ್ಸ್‌ಟೆಂಡರ್ ಅನ್ನೋ ಹೆಚ್ಚುವರಿ ಫೇಡರ್ ಹಲಗೆ ತಗೊಳ್ತಾರೆ. ಅದನ್ನ ರೀಪರ್‌ನಲ್ಲಿ ಮ್ಯಾಕಿ ಕಂಟ್ರೋಲ್ ಎಕ್ಸ್‌ಟೆಂಡರ್ ಅಂತ ಬೇರೆಯಾಗಿ ಸೇರಿಸಿ ಆಫ್‌ಸೆಟ್ 8 ಕೊಟ್ರೆ ಒಂಬತ್ತನೇ ಟ್ರ್ಯಾಕ್‌ನಿಂದ ಶುರು ಆಗುತ್ತೆ.

ಫೇಡರ್ ಪಕ್ಕ ಅಚ್ಚು ಹಾಕಿರೋ ಡಿಬಿ ಅಂಕಿಯನ್ನ ಪೂರ್ತಿ ನಂಬಬೇಡಿ. ರೀಪರ್‌ನಲ್ಲಿ ಫೇಡರ್‌ನ ಮೇಲ್ತುದಿ ಮಾಮೂಲಿ ಸೆಟ್ಟಿಂಗ್‌ನಲ್ಲಿ +12 ಡಿಬಿ, ಲಾಜಿಕ್‌ನಲ್ಲಿ +6. ಅದೇ ಫೇಡರ್, ಅದೇ ಎತ್ತರ, ಸಾಫ್ಟ್‌ವೇರ್ ಬದಲಾದ್ರೆ ಅರ್ಥ ಬೇರೆ. ಅಂಕಿ ಬೇಕಾದಾಗ ಪರದೆ ನೋಡಿ.

ಈಗ ಇಷ್ಟು ದುಡ್ಡು ಕೊಟ್ಟು ಇದನ್ನ ಯಾಕೆ ತಗೊಳ್ಳೋದು ಅನ್ನೋ ವಿಷಯ: ಆಟೊಮೇಷನ್, ಅಂದ್ರೆ ನಿಮ್ಮ ಏರಿಳಿತವನ್ನ ಸಾಫ್ಟ್‌ವೇರ್ ಒಂದು ಗೆರೆಯಾಗಿ ಬರೆದಿಟ್ಟು ಮತ್ತೆ ತಾನೇ ನಡೆಸೋದು. ಎಡಿಟಿಂಗ್‌ಗೆ ಮೌಸ್, ಕೀಬೋರ್ಡೇ ವೇಗ. ಪ್ಲಗಿನ್ ನಾಬ್ ತಿರುಗಿಸೋಕೂ ಇದು ಅಂಥಾ ಸುಖ ಅಲ್ಲ. ಆದ್ರೆ ಒಂದು ಗಾಯನದ ವಾಲ್ಯೂಮನ್ನ ಹಾಡು ನಡೀತಿರುವಾಗಲೇ ಕೈಯಲ್ಲಿ ಏರಿಸಿ ಇಳಿಸಿ ಬರೆಯೋದಕ್ಕೆ ಇದಕ್ಕೆ ಸಾಟಿ ಇಲ್ಲ.

ಹೊಸಬರು ಮೊದಲು ಎಡವೋದು ಇಲ್ಲಿ: ಆಟೊಮೇಷನ್ ಬರೆದಾಯ್ತು, ಪ್ಲೇ ಮಾಡಿದ್ರೆ ಧ್ವನಿ ಏರಿಳೀತಿದೆ, ಫೇಡರ್ ಮಾತ್ರ ಕಲ್ಲಿನಂತೆ ನಿಂತಿದೆ. ಕಾರಣ, ರೀಪರ್‌ನ ಮಾಮೂಲಿ ಮೋಡ್ ಟ್ರಿಮ್/ರೀಡ್. ಆ ಮೋಡ್‌ನಲ್ಲಿ ಬರೆದ ಗೆರೆ ಒಂದು ಲೆಕ್ಕ, ಫೇಡರ್ ಅದರ ಮೇಲೆ ಸೇರೋ ಇನ್ನೊಂದು ಲೆಕ್ಕ. ಫೇಡರ್ ಗೆರೆಯ ಜೊತೆ ಓಡಾಡಬೇಕು ಅಂದ್ರೆ ಟ್ರ್ಯಾಕ್ ಮೋಡ್ ರೀಡ್‌ಗೆ ತನ್ನಿ.

ಬರೆಯೋಕೆ ಮೂರು ಮೋಡ್ ಗೊತ್ತಿದ್ರೆ ಸಾಕು. ಟಚ್‌ನಲ್ಲಿ ಬೆರಳು ಫೇಡರ್ ಮೇಲಿರುವಷ್ಟು ಹೊತ್ತು ಬರೆಯುತ್ತೆ, ಬಿಟ್ರೆ ಹಳೇ ಗೆರೆಗೆ ವಾಪಸ್. ಲ್ಯಾಚ್‌ನಲ್ಲಿ ಮುಟ್ಟಿದಾಗ ಶುರು, ಬಿಟ್ಟ ಜಾಗದ ಮಟ್ಟದಲ್ಲೇ ಸ್ಟಾಪ್ ಒತ್ತುವವರೆಗೆ ಮುಂದುವರಿಯುತ್ತೆ. ರೈಟ್, ಅಂದ್ರೆ ಬರೆಯೋ ಮೋಡ್, ಪ್ಲೇ ಒತ್ತಿದ ಕ್ಷಣದಿಂದ ನೀವು ಮುಟ್ಟದಿದ್ರೂ ಹಳೇದನ್ನ ಅಳಿಸ್ತಾ ಹೋಗುತ್ತೆ. ರೈಟ್‌ಗೆ ಕೈ ಹಾಕದೇ ಇದ್ರೆ ಏನೂ ನಷ್ಟ ಇಲ್ಲ.

ಈ ಬೆರಳಿನ ವಿಷಯ ಹತ್ತಿರದಿಂದ ನೋಡಿ. ಫೇಡರ್ ಟೋಪಿ ಮುಟ್ಟಿದ್ದನ್ನ ಚರ್ಮದ ಸ್ಪರ್ಶದಿಂದ ಗುರುತಿಸುತ್ತೆ, ಫೋನ್ ಪರದೆಯ ಹಾಗೆ. ಉಗುರಿನಿಂದ ತಳ್ಳಿದ್ರೆ ಫೇಡರ್ ಸರಿಯುತ್ತೆ, ಆದ್ರೆ ಮುಟ್ಟಿದ ಸುದ್ದಿ ಹೋಗಲ್ಲ. ಆಗ ಮೋಟರ್ ನಿಮ್ಮ ಜೊತೆ ಜಗಳಕ್ಕೆ ಬೀಳುತ್ತೆ: ನೀವು ಮೇಲೆ, ಅದು ಕೆಳಗೆ, ಗರಗರ ನಡುಕ. ಬೆರಳಿನ ಮೆತ್ತನೆ ಭಾಗ ಟೋಪಿಯ ಮೇಲಿರಲಿ, ಅಂಗೈ ಕೆಳಗೆ ಊರಿರಲಿ. ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ರೂ ಸ್ಪರ್ಶ ಎಡವಟ್ಟು ಮಾಡಬಹುದು, ಮೂರು ಪಿನ್ನನ್ನ ಎರಡು ಪಿನ್ ಮಾಡೋ ಅಡಾಪ್ಟರ್ ಹಾಕಲೇಬೇಡಿ. ಮೇಲಿನ ನಾಬ್‌ಗಳಿಗೆ ಈ ಸ್ಪರ್ಶ ಇಲ್ಲ. ಅದಕ್ಕೆ ಪ್ಯಾನ್ (ಧ್ವನಿ ಎಡಕ್ಕೆಷ್ಟು, ಬಲಕ್ಕೆಷ್ಟು ಅನ್ನೋದು) ಆಟೊಮೇಷನ್ ನಾಜೂಕಾಗಿ ಬರೀಬೇಕು ಅಂದ್ರೆ ಫ್ಲಿಪ್ ಒತ್ತಿ ಪ್ಯಾನನ್ನ ಫೇಡರ್‌ಗೆ ತನ್ನಿ.

ಗಾಯನದ ಟ್ರ್ಯಾಕನ್ನ ಟಚ್‌ಗೆ ಇಟ್ಟು ಆಲಾಪನೆಯಿಂದ ಶುರು ಮಾಡಿ. ಮಂದ್ರದಲ್ಲಿ ಧ್ವನಿ ತಂಬೂರಿಯೊಳಗೆ ಮುಳುಗುತ್ತೆ, ಅಲ್ಲಿ ಎರಡು ಮೂರು ಡಿಬಿ ಎತ್ತಿ. ತಾರಸ್ಥಾಯಿಗೆ ಹೋದಾಗ ಅಷ್ಟೇ ಇಳಿಸಿ. ಸಾಲು ಸಾಲಿಗೆ ಕೈ ಆಡಲಿ, ಸ್ವರ ಸ್ವರಕ್ಕೆ ಬೇಡ. ಗಮಕದ ಒಳಗಿನ ಏರಿಳಿತವನ್ನ ಫೇಡರ್‌ನಿಂದ ಸಮ ಮಾಡೋಕೆ ಹೋದ್ರೆ ಗಮಕವೇ ಚಪ್ಪಟೆ. ತನಿ ಆವರ್ತನ, ಅಂದ್ರೆ ತಾಳವಾದ್ಯಗಳಷ್ಟೇ ನುಡಿಸೋ ಭಾಗ ಬಂದಾಗ ಗಾಯನ, ಪಿಟೀಲು ಮೈಕ್‌ಗಳಲ್ಲಿ ಬರೋದು ಮೃದಂಗದ ಸೋರಿಕೆ ಮಾತ್ರ. ಹಾಗಂತ ಮ್ಯೂಟ್ ಒತ್ತಬೇಡಿ. ಒತ್ತಿದ ಕ್ಷಣ ಸಭಾಂಗಣ ಕುಗ್ಗಿದ ಹಾಗೆ ಕೇಳುತ್ತೆ. ತಾಳದ ಒಂದು ಸುತ್ತಿನಷ್ಟು ಹೊತ್ತಲ್ಲಿ ಆರು ಡಿಬಿ ಸುತ್ತಮುತ್ತ ಇಳಿಸಿ, ಮುಗಿಯೋ ಮೊದಲೇ ವಾಪಸ್ ತನ್ನಿ. ಇದಕ್ಕೆ ಲ್ಯಾಚ್ ಒಳ್ಳೇದು, ಕೈ ಹಿಡ್ಕೊಂಡು ಕೂರಬೇಕಾಗಿಲ್ಲ.

ಕೈ ಯಾವಾಗಲೂ ಕಿವಿಗಿಂತ ತಡ. ಕೇಳಿ, ತಿಳಿದು, ಸರಿಸೋ ಹೊತ್ತಿಗೆ ಪದದ ಮೊದಲ ಅಕ್ಷರ ಹೋಗಿರುತ್ತೆ. ಎರಡನೇ ಸಲ ಬರೆಯುವಾಗ ಹಾಡು ಬಾಯಿಪಾಠ ಆಗಿರೋದ್ರಿಂದ ಸುಧಾರಿಸುತ್ತೆ. ಇಲ್ಲದಿದ್ರೆ ಬರೆದ ಬಿಂದುಗಳನ್ನ ಸೆಲೆಕ್ಟ್ ಮಾಡಿ ಸ್ವಲ್ಪ ಎಡಕ್ಕೆ ಜರುಗಿಸಿ. ಬಿಂದುಗಳು ಇರುವೆ ಸಾಲಿನ ಹಾಗೆ ತುಂಬಿದ್ರೆ ಬಿಂದು ಕಡಿಮೆ ಮಾಡೋ ಆಜ್ಞೆ ರೀಪರ್‌ನಲ್ಲೇ ಇದೆ, ರಿಡ್ಯೂಸ್ ನಂಬರ್ ಆಫ್ ಪಾಯಿಂಟ್ಸ್ ಅಂತ ಆ್ಯಕ್ಷನ್ ಪಟ್ಟಿಯಲ್ಲಿ ಹುಡುಕಿ. ಒಂದು ನೆನಪಿಟ್ಕೊಳ್ಳಿ: ರೀಪರ್‌ನ ಟ್ರ್ಯಾಕ್ ಫೇಡರ್ ಇರೋದು ಎಫೆಕ್ಟ್‌ಗಳ ನಂತರ. ಹಾಗಾಗಿ ನೀವು ಏರಿಸಿದ್ದು ಕಂಪ್ರೆಸರ್‌ಗೆ (ಜೋರಾದ ಧ್ವನಿಯನ್ನ ಅದುಮೋ ಎಫೆಕ್ಟ್) ಗೊತ್ತಾಗಲ್ಲ, ಅದು ಮತ್ತೆ ಅದುಮಲ್ಲ. ಕಂಪ್ರೆಸರ್‌ಗೆ ಮೊದಲೇ ಸಮ ಮಾಡಬೇಕು ಅಂದ್ರೆ ಪ್ರೀ ಎಫ್‌ಎಕ್ಸ್ ವಾಲ್ಯೂಮ್ ಗೆರೆ ಬೇರೆ ಇದೆ. ಬರೆದು ಮುಗಿದ ಮೇಲೆ ಮೋಡ್ ರೀಡ್‌ಗೆ. ಟಚ್‌ನಲ್ಲೇ ಬಿಟ್ರೆ ನಾಳೆ ಧೂಳು ಒರೆಸುವಾಗ ಪ್ಲೇ ಆಗ್ತಿದ್ರೆ ಬಟ್ಟೆಯ ಒರೆತವೂ ಆಟೊಮೇಷನ್ ಆಗಿಬಿಡುತ್ತೆ.

ಧೂಳು ಅಂದ್ನಲ್ಲ, ಕೆಲಸ ಮುಗಿದ ಮೇಲೆ ಒಂದು ಬಟ್ಟೆ ಹೊದಿಸಿ. ಸೀಳಿನೊಳಗೆ ಸಿಕ್ಕ ಸಿಕ್ಕ ಸ್ಪ್ರೇ ಹೊಡೀಬೇಡಿ, ತುಕ್ಕು ಬಿಡಿಸೋ ಎಣ್ಣೆಯಂತೂ ಬೇಡವೇ ಬೇಡ. ಫೇಡರ್‌ಗೆ ಅಂತಲೇ ಬರೋ ಕ್ಲೀನರ್ ಬೇರೆ ಇದೆ. ಮೈಕ್ ಇರೋ ಕೋಣೆಯಲ್ಲೇ ಸರ್ಫೇಸ್ ಇಟ್ಟಿದ್ರೆ ರೆಕಾರ್ಡಿಂಗ್ ನಡೆಯುವಾಗ ಬ್ಯಾಂಕ್ ಬಟನ್ ಒತ್ತಬೇಡಿ. ಫೇಡರ್‌ಗಳೆಲ್ಲ ಒಟ್ಟಿಗೆ ಝರ್ ಅಂತ ಓಡ್ತವೆ, ಕಂಡೆನ್ಸರ್ ಮೈಕ್ ಅದನ್ನ ಬಿಡದೆ ಹಿಡಿಯುತ್ತೆ.

ಕೊನೆಗೆ ಕರೆಂಟ್. ಕಂಪ್ಯೂಟರ್ ಯುಪಿಎಸ್‌ನಲ್ಲಿದೆ, ಸರ್ಫೇಸ್ ಗೋಡೆಯ ಪ್ಲಗ್‌ನಲ್ಲಿದೆ ಅಂದ್ಕೊಳ್ಳಿ. ಕರೆಂಟ್ ಒಂದು ಕ್ಷಣ ಹೋಗಿ ಬಂದ್ರೆ ರೀಪರ್ ನಡೀತಾನೇ ಇರುತ್ತೆ, ಸರ್ಫೇಸ್ ಮಾತ್ರ ಹೆಸರೆಲ್ಲ ಮರೆತು ಖಾಲಿ ಕೂತಿರುತ್ತೆ. ಮಿಡಿ ಡಿವೈಸ್ ಪುಟದಲ್ಲಿ ರೀಸೆಟ್ ಆಲ್ ಮಿಡಿ ಡಿವೈಸಸ್ ಒತ್ತಿ, ಆಮೇಲೆ ಆ್ಯಕ್ಷನ್ ಪಟ್ಟಿಯಿಂದ ರಿಫ್ರೆಶ್ ಆಲ್ ಸರ್ಫೇಸಸ್ ಓಡಿಸಿ. ಹೆಸರು ಬರುತ್ತೆ, ಫೇಡರ್ ತಮ್ಮ ಜಾಗಕ್ಕೆ ಹೋಗ್ತವೆ. ಅದಕ್ಕೂ ಬಗ್ಗದಿದ್ರೆ ಪ್ರಾಜೆಕ್ಟ್ ಸೇವ್ ಮಾಡಿ ರೀಪರ್ ಮುಚ್ಚಿ, ಮೊದಲು ಸರ್ಫೇಸ್ ಆನ್ ಆಗಲಿ, ಆಮೇಲೆ ರೀಪರ್ ತೆಗೀರಿ. ಸರ್ಫೇಸ್‌ನ ವೈರನ್ನೂ ಯುಪಿಎಸ್‌ಗೇ ಹಾಕಿಬಿಟ್ರೆ ಈ ಪರದಾಟವೇ ಇಲ್ಲ.