ಎನ್‌ಸಿಸಿ ಲಾಂಛನದಲ್ಲಿ 17 ಕಮಲ ಯಾಕೆ?

[ಸ್ಕ್ರೀನ್ ಮೇಲೆ: ಎನ್‌ಸಿಸಿ ಧ್ವಜ]

ನಮಸ್ಕಾರ. ಎನ್‌ಸಿಸಿ ಅಂದರೆ ನ್ಯಾಷನಲ್ ಕೆಡೆಟ್ ಕೋರ್, ಶಾಲಾ-ಕಾಲೇಜು ವಿದ್ಯಾರ್ಥಿಗಳಿಗೆ ಸೇನಾ ಶಿಸ್ತಿನ ತರಬೇತಿ ಕೊಡೋ ಸಂಸ್ಥೆ. ಅದಕ್ಕೆ ಸೇರಿದವರೇ ಕೆಡೆಟ್‌ಗಳು. ಹೋದ ವಿಡಿಯೋ ಕೆಳಗೆ ಒಬ್ಬ ಕೆಡೆಟ್ ಕೇಳಿದ್ದ: "ಸರ್, ಎನ್‌ಸಿಸಿ ಲಾಂಛನದ ಸುತ್ತ ಇರೋ ಕಮಲ ಎಣಿಸಿದೆ, 17 ಬಂತು. ದೇಶದಲ್ಲಿ ರಾಜ್ಯ 28 ಅಲ್ವಾ?" ಪರೇಡ್‌ನಲ್ಲಿ ಇವನ ಗಮನ ಎಲ್ಲಿತ್ತು ಅಂತ ಗೊತ್ತಾಯ್ತು! ಆದರೆ ಪ್ರಶ್ನೆ ಚೆನ್ನಾಗಿದೆ.

ಬೇಸಿಕ್ಸ್ ಬೇಗ ಮುಗಿಸೋಣ. ಸರ್ಕಾರ ನೇಮಿಸಿದ ಕುಂಜ್ರು ಸಮಿತಿಯ ಶಿಫಾರಸು, 1948ರ ಕಾಯ್ದೆ, ಎನ್‌ಸಿಸಿ ಶುರು. ಧ್ವಜದಲ್ಲಿ ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ನಡುವೆ ಬಂಗಾರ ಬಣ್ಣದ ಲಾಂಛನ, ಸುತ್ತ ಕಮಲದ ಹಾರ.

[ಕಮಲದ ಹಾರ ಜೂಮ್]

ಈ ಕಮಲಗಳು ರಾಜ್ಯಗಳ ಲೆಕ್ಕವಲ್ಲ, ಎನ್‌ಸಿಸಿ ನಿರ್ದೇಶನಾಲಯಗಳ, ಅಂದರೆ ಒಂದೋ ಹಲವೋ ರಾಜ್ಯಗಳನ್ನು ನೋಡಿಕೊಳ್ಳೋ ಆಡಳಿತ ಕಚೇರಿಗಳ ಲೆಕ್ಕ. ರೇಷನ್ ಕಾರ್ಡ್ ಇದ್ದ ಹಾಗೆ: ತಲೆಗೊಂದಲ್ಲ, ಮನೆಗೊಂದು. ಕರ್ನಾಟಕ, ಗೋವಾ ಸೇರಿ ಒಂದೇ ಕಮಲ. ಮಹದಾಯಿ ನೀರಿಗೆ ಕೋರ್ಟ್ ಮೆಟ್ಟಿಲು ಹತ್ತಿದವರು ಇಲ್ಲಿ ಒಂದೇ ಹೂವಿನಲ್ಲಿ ಸಂಸಾರ ಮಾಡುತ್ತಿದ್ದಾರೆ! ಕೇರಳದ ಜೊತೆ ಲಕ್ಷದ್ವೀಪ. ತಮಿಳುನಾಡಿನ ಜೊತೆ ಪುದುಚೇರಿ, ಅಂಡಮಾನ್. ಪಶ್ಚಿಮ ಬಂಗಾಳದ ಜೊತೆ ಸಿಕ್ಕಿಂ. ಈಶಾನ್ಯದ ಉಳಿದ ಏಳು ರಾಜ್ಯಗಳಿಗೆಲ್ಲ ಸೇರಿ ಒಂದು. ಆದರೆ ದೆಹಲಿಗೆ ಸ್ವಂತ ಕಮಲ. ರಾಜಧಾನಿ ನೋಡಿ, ದರ್ಬಾರು!

ಕಮಲ ಅಂದ ತಕ್ಷಣ ಕಾಮೆಂಟ್‌ನಲ್ಲಿ ರಾಜಕೀಯ ಶುರು ಮಾಡಬೇಡಿ. ಎನ್‌ಸಿಸಿಯ ಈ ಮೂರು ಬಣ್ಣದ ಧ್ವಜ ಬಂದಿದ್ದು 1954ರಲ್ಲಿ. ನಿಮ್ಮ ತಲೆಯಲ್ಲಿರುವ ಪಕ್ಷ ಹುಟ್ಟಿದ್ದು 1980ರಲ್ಲಿ.

ನನಗೆ ಜಾಸ್ತಿ ತಲೆ ಕೆಡಿಸಿದ್ದು ಬಣ್ಣಗಳ ಸಾಲು. 1951ರ ಮೊದಲ ಧ್ವಜ ಭೂಸೇನೆಯ ರೆಜಿಮೆಂಟ್ ಧ್ವಜದ ಮಾದರಿಯಲ್ಲೇ ಇತ್ತು. ಎನ್‌ಸಿಸಿಯಲ್ಲಿ ವಾಯು ವಿಭಾಗ ಬಂದಿದ್ದು 1950ರಲ್ಲಿ, ನೌಕಾ ವಿಭಾಗ 1952ರಲ್ಲಿ. ಮೂರೂ ಸೇರಿದ ಮೇಲೆ ಮೂರು ಬಣ್ಣ ಬಂತು, ಸರಿ. ಹಾಗಾದರೆ ಎರಡು ವರ್ಷ ತಡವಾಗಿ ಬಂದ ನೌಕಾಪಡೆಯ ಬಣ್ಣ ಎರಡನೇ ಜಾಗದಲ್ಲಿ ಯಾಕೆ? ನನ್ನ ಪ್ರಕಾರ ಇದು ಬಂದವರ ಸಾಲಲ್ಲ, ಹಿರಿತನದ ಸಾಲು. ಗಣರಾಜ್ಯೋತ್ಸವದ ಪರೇಡ್ ನೆನಪಿಸಿಕೊಳ್ಳಿ: ಭೂಸೇನೆ, ನೌಕಾಪಡೆ, ವಾಯುಪಡೆ. ಬ್ರಿಟನ್ನಿನ ಮೂರು ಪಡೆಗಳ ಜಂಟಿ ಧ್ವಜದಲ್ಲೂ ಇವೇ ಬಣ್ಣಗಳಿವೆ. ಆದರೆ ಅಲ್ಲಿ ನೌಕಾಪಡೆಯೇ ಹಿರಿಯಣ್ಣ, ಹಾಗಾಗಿ ಕಡುನೀಲಿ ಮೊದಲು.

[ಯೂನಿಫಾರ್ಮ್ ಫೋಟೋ]

ಟೈಮ್ ಆಗ್ತಾ ಇದೆ, ಉಳಿದದ್ದು ಒಂದೇ ಉಸಿರಿಗೆ. ಖಾಕಿ, ಬಿಳಿ, ತಿಳಿನೀಲಿ ಯೂನಿಫಾರ್ಮ್ ನೋಡಿದರೆ ಯಾವ ವಿಭಾಗ ಅಂತ ಗೊತ್ತಾಗುತ್ತದೆ. ಆರ್ಮಿ ವಿಂಗ್ ಟೋಪಿಯಲ್ಲಿ ಬ್ಯಾಡ್ಜ್ ಮೇಲೆ ನಿಂತಿರುವ ಕೆಂಪು ಕುಚ್ಚು ಹ್ಯಾಕಲ್. ತೋಳಿನ ವಿ ಆಕಾರದ ಪಟ್ಟಿ ಕೆಡೆಟ್‌ನ ರ‍್ಯಾಂಕ್ ಹೇಳುತ್ತದೆ: ಒಂದಿದ್ದರೆ ಲ್ಯಾನ್ಸ್ ಕಾರ್ಪೋರಲ್, ಎರಡಿದ್ದರೆ ಕಾರ್ಪೋರಲ್, ಮೂರಿದ್ದರೆ ಸಾರ್ಜೆಂಟ್. ಮೂರು ಪಟ್ಟಿಯವರು ಎದುರು ಬಂದರೆ ಮೊದಲು ಬೂಟಿನ ಪಾಲಿಶ್ ನೋಡಿಕೊಳ್ಳಿ.

ನೇವಲ್ ವಿಂಗ್‌ನವರು ಯಾರಾದರೂ ಇದ್ದರೆ ಕಾಮೆಂಟ್ ಹಾಕಿ, ನಿಮ್ಮ ಬ್ಯಾಡ್ಜ್‌ಗಳಿಗೇ ಒಂದು ವಿಡಿಯೋ ಮಾಡೋಣ.