ಕೇಳುವವರ ಮನಸ್ಸು

ಕೇಳುಗರಿಗೆ ನಮಸ್ಕಾರ.

ಆಪ್ತಸಮಾಲೋಚನೆಯ ತರಬೇತಿಗೆ ಎಲ್ಲ ಬಗೆಯವರೂ ಸೇರುತ್ತಾರೆ. ಹೈಸ್ಕೂಲ್ ಮೇಷ್ಟ್ರು, ನರ್ಸ್, ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳು ದೊಡ್ಡವರಾದ ಮೇಲೆ ಉಪಯೋಗಕ್ಕೆ ಬರುವ ಕೆಲಸ ಏನಾದರೂ ಮಾಡೋಣ ಎಂದು ಬಂದ ಗೃಹಿಣಿಯರು, ಆಗಷ್ಟೇ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಪದವಿ ಮುಗಿಸಿದ ಹುಡುಗ ಹುಡುಗಿಯರು. ಇವರಲ್ಲಿ ಹೆಚ್ಚಿನವರದು ಒಂದೇ ಕಥೆ. ಬೀದಿಯಲ್ಲಾಗಲಿ ಆಫೀಸಿನಲ್ಲಾಗಲಿ, ಯಾರಿಗೆ ಏನು ತಾಪತ್ರಯ ಬಂದರೂ ಇವರ ಹತ್ತಿರವೇ ಬಂದು ಹೇಳಿಕೊಳ್ಳುತ್ತಾರೆ. ‘ನಿಮ್ಮ ಹತ್ರ ಮಾತಾಡಿದ್ರೆ ಸಮಾಧಾನ ಆಗುತ್ತೆ’ ಎಂದು ನಾಲ್ಕು ಜನ ಅಂದಿರುತ್ತಾರೆ. ಆ ಧೈರ್ಯದ ಮೇಲೆ ಬಂದವರ ಕೈಗೆ ಮೊದಲು ಸಿಗುವುದು ಮನಶ್ಶಾಸ್ತ್ರವನ್ನು ಪರಿಚಯಿಸುವ ಪಠ್ಯ. ನರಕೋಶ, ಸಂವೇದನೆ, ಗ್ರಹಿಕೆ, ಸ್ಮರಣೆ, ಕಲಿಕೆ, ಪ್ರೇರಣೆ. ರಷ್ಯದ ವಿಜ್ಞಾನಿ ಪಾವ್ಲೊವ್‌ನ ಪ್ರಯೋಗದಲ್ಲಿ ಊಟದ ಸೂಚನೆ ಸಿಕ್ಕ ಕೂಡಲೇ ನಾಯಿ ಜೊಲ್ಲು ಸುರಿಸಿದ್ದಕ್ಕೂ ನಾಳೆ ನನ್ನ ಮುಂದೆ ಕೂತು ಅಳುವ ಹೆಣ್ಣುಮಗಳಿಗೂ ಏನು ಸಂಬಂಧ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಅದಕ್ಕೆ ನನ್ನ ಉತ್ತರ ಇಷ್ಟು. ಆ ಪಠ್ಯವನ್ನು, ನಿಮ್ಮ ಹತ್ತಿರ ಕಷ್ಟ ಹೇಳಿಕೊಳ್ಳಲು ಬಂದವರ ಮನಸ್ಸು ಓದುವುದಕ್ಕೆಂದು ಹಿಡಿದರೆ ಬೇಸರ ಬರುತ್ತದೆ. ಅವರ ಮಾತು ಕೇಳುತ್ತ ಕೂತಿರುವ ನಿಮ್ಮ ಮನಸ್ಸು ಎಲ್ಲೆಲ್ಲಿ ಮೋಸ ಮಾಡುತ್ತದೆ ಎಂದು ನೋಡುವುದಕ್ಕೆ ಓದಿದರೆ, ಪುಟ ಪುಟದಲ್ಲೂ ಕೆಲಸಕ್ಕೆ ಬರುವ ಸಂಗತಿ ಸಿಗುತ್ತದೆ. ಇವತ್ತು ಅಂಥ ಮೂರು ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮನಶ್ಶಾಸ್ತ್ರದ ಮಾತನ್ನು ಬಾನುಲಿಯಲ್ಲಿ ಆಡುವುದಕ್ಕೆ ನಮ್ಮಲ್ಲಿ ಒಂದು ಹಳೆಯ ನಂಟೂ ಇದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರ ಶುರು ಮಾಡಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದವರು. ಇರಲಿ, ವಿಷಯಕ್ಕೆ ಬರೋಣ.

1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ತರಗತಿಯ ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಒಂದು ವಾರದ ನಂತರ ಪ್ರತಿಯೊಬ್ಬರಿಗೂ ಅವರವರ ಹೆಸರು ಬರೆದ ಒಂದೊಂದು ಹಾಳೆ ಹಂಚಿ, ಇದು ನಿಮ್ಮ ಸ್ವಭಾವದ ವಿವರಣೆ, ಎಷ್ಟು ಸರಿಯಿದೆ ಎಂದು ಐದರೊಳಗೆ ಅಂಕ ಹಾಕಿ ಎಂದರು. ವಿದ್ಯಾರ್ಥಿಗಳು ಹಾಕಿದ ಸರಾಸರಿ ಅಂಕ ನಾಲ್ಕನ್ನೂ ದಾಟಿತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲಿದ್ದದ್ದೂ ಅವವೇ ವಾಕ್ಯಗಳು. ಅವುಗಳಲ್ಲಿ ಹೆಚ್ಚಿನವನ್ನು ಫೋರರ್ ಎತ್ತಿಕೊಂಡದ್ದು ಪೇಪರ್ ಅಂಗಡಿಯಲ್ಲಿ ಸಿಕ್ಕ ಒಂದು ಜ್ಯೋತಿಷ್ಯದ ಪುಸ್ತಕದಿಂದ. ನಾಲ್ಕು ಜನ ನನ್ನನ್ನು ಮೆಚ್ಚಬೇಕು ಎಂಬ ಆಸೆ ನಿಮಗಿದೆ, ನಿಮ್ಮನ್ನು ನೀವೇ ಟೀಕೆ ಮಾಡಿಕೊಳ್ಳುತ್ತೀರಿ, ಇಂಥವು.

ನಮ್ಮ ಊರಿನ ಕಣಿ ಹೇಳುವವರಿಗೆ, ಗಿಳಿಶಾಸ್ತ್ರದವರಿಗೆ ಇದು ಫೋರರ್‌ಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ‘ಎಲ್ಲರಿಗೂ ಮಾಡ್ತೀಯ ತಾಯಿ, ನಿನಗೆ ಮಾಡೋರು ಯಾರೂ ಇಲ್ಲ’ ಎಂದರೆ ಹೌದೆನ್ನದ ಹೆಂಗಸು ಕರ್ನಾಟಕದಲ್ಲಿ ಸಿಗುವುದು ಕಷ್ಟ. ನಾವು ನಗುತ್ತೇವೆ. ಆದರೆ ಸಮಾಲೋಚಕರೂ ಇದನ್ನೇ ಮಾಡುತ್ತಾರೆ, ಅದೂ ಪದವಿಯ ಬಲದ ಮೇಲೆ. ಹತ್ತು ನಿಮಿಷ ಕೇಳಿ, ‘ನಿಮ್ಮಲ್ಲಿ ಆತ್ಮವಿಶ್ವಾಸ ಇದೆ, ಆದರೆ ಒಳಗೊಳಗೇ ಒಂದು ಅಳುಕಿದೆ’ ಎನ್ನುತ್ತಾರೆ. ಬಂದವರು ಕಣ್ಣರಳಿಸಿ, ‘ಎಷ್ಟು ಸರಿಯಾಗಿ ಹೇಳಿದ್ರಿ ಮೇಡಂ’ ಎನ್ನುತ್ತಾರೆ. ಅಲ್ಲಿಗೆ ಇಬ್ಬರಿಗೂ ತೃಪ್ತಿ. ಆದರೆ ಆ ಮಾತು ಅವರ ಅಕ್ಕನಿಗೂ ಒಪ್ಪುತ್ತದೆ, ಆಟೋದವನಿಗೂ ಒಪ್ಪುತ್ತದೆ.

ಹಾಗಾಗಿ ಬಂದವರು ಒಪ್ಪಿದರು ಎಂಬ ಒಂದೇ ಕಾರಣಕ್ಕೆ ನಿಮ್ಮ ಊಹೆ ನಿಜವಾಗುವುದಿಲ್ಲ. ‘ಅಳುಕು’ ಎಂದರೆ ಯಾವಾಗ? ಯಾರ ಎದುರಿಗೆ? ಹೋದ ಸಲ ಆದಾಗ ಏನು ನಡೆಯಿತು? ಬಿಡಿ ಬಿಡಿಯಾದ ಇಂಥ ವಿವರ ಬರುವ ತನಕ ನಿಮಗೆ ಆ ವ್ಯಕ್ತಿಯ ಬಗ್ಗೆ ಏನೂ ತಿಳಿದಿಲ್ಲ ಎಂದುಕೊಳ್ಳುವುದೇ ಕ್ಷೇಮ. ಮೊಬೈಲಿನಲ್ಲಿ ಹತ್ತು ಪ್ರಶ್ನೆ ಕೇಳಿ ನೀವು ಇಂಥ ಸ್ವಭಾವದವರು ಎಂದು ಹೇಳುವ ಪರೀಕ್ಷೆಗಳನ್ನು ಸಂಸ್ಥೆಗಳು ಉದ್ಯೋಗಿಗಳ ಮೇಲೆ, ಶಾಲೆಗಳು ಮಕ್ಕಳ ಮೇಲೆ ಪ್ರಯೋಗಿಸುವುದನ್ನು ನೋಡಿದಾಗೆಲ್ಲ ನನಗೆ ಫೋರರ್ ನೆನಪಾಗುತ್ತಾರೆ.

ಇನ್ನು ಸ್ಮರಣೆಯ ಅಧ್ಯಾಯ. ಅದರಲ್ಲಿ ಒಂದು ಪ್ರಯೋಗವನ್ನು ಯಾರೂ ಹಾರಿಸಿ ಓದಬಾರದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಕೆಲವರಿಗೆ ‘ಕಾರುಗಳು ಅಪ್ಪಳಿಸಿದಾಗ’ ಎಂದು, ಕೆಲವರಿಗೆ ‘ಒಂದಕ್ಕೊಂದು ತಾಗಿದಾಗ’ ಎಂದು. ಅಪ್ಪಳಿಸಿದಾಗ ಎಂದು ಕೇಳಿದವರಿಂದ ಬಂದ ಉತ್ತರ ಗಂಟೆಗೆ ಸರಾಸರಿ 40 ಮೈಲಿಗಿಂತ ಸ್ವಲ್ಪ ಹೆಚ್ಚು. ತಾಗಿದಾಗ ಎಂದು ಕೇಳಿದವರಿಂದ ಸುಮಾರು 32. ಮುಂದಿನ ಪ್ರಯೋಗ ಇನ್ನೂ ವಿಚಿತ್ರ. ಬೇರೆ ವಿದ್ಯಾರ್ಥಿಗಳಿಗೂ ಅಪಘಾತದ ಚಿತ್ರ ತೋರಿಸಿ, ಹಾಗೆಯೇ ಪದ ಬದಲಿಸಿ ವೇಗ ಕೇಳಿ, ಒಂದು ವಾರ ಬಿಟ್ಟು, ‘ಒಡೆದ ಗಾಜು ಕಂಡಿರಾ?’ ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ‘ಡಿಕ್ಕಿ ಹೊಡೆದಾಗ’ ಎಂಬ ಪ್ರಶ್ನೆ ಕೇಳಿದ್ದ 50 ಜನರಲ್ಲಿ 7 ಮಂದಿ ಕಂಡೆವು ಎಂದರು. ‘ಅಪ್ಪಳಿಸಿದಾಗ’ ಎಂದು ಕೇಳಿದ್ದ 50 ಜನರಲ್ಲಿ 16 ಮಂದಿ.

ಪೊಲೀಸರಿಗೆ, ವಕೀಲರಿಗೆ ಇದು ಮುಖ್ಯ ಎಂದು ಎಲ್ಲರೂ ಹೇಳುತ್ತಾರೆ. ಸಮಾಲೋಚಕರಿಗೆ ಅದಕ್ಕಿಂತ ಹೆಚ್ಚು ಮುಖ್ಯ. ನ್ಯಾಯಾಲಯದಲ್ಲಾದರೆ ಪಾಟೀಸವಾಲು ಮಾಡುವುದಕ್ಕೆ ಎದುರು ವಕೀಲರಿರುತ್ತಾರೆ. ನಿಮ್ಮ ಕೋಣೆಯಲ್ಲಿ ನೀವಿಬ್ಬರೇ. ಮದುವೆಯಾಗಿ ಎರಡು ವರ್ಷವಾದ ಹೆಣ್ಣುಮಗಳೊಬ್ಬಳು ಬಂದು ಸುಮ್ಮನೆ ಕೂತಿದ್ದಾಳೆ ಎಂದುಕೊಳ್ಳಿ. ‘ಅತ್ತೆ ತುಂಬಾ ಕಾಟ ಕೊಡ್ತಾರಾ?’ ಎಂದು ಕೇಳಿದಿರೋ, ಕಥೆಯ ಅರ್ಧ ನೀವೇ ಬರೆದಂತಾಯಿತು. ಆಕೆ ಹೂಂ ಎನ್ನಬಹುದು. ಏಕೆಂದರೆ ಆಕೆಗೆ ಯಾವ ತುದಿಯಿಂದ ಶುರು ಮಾಡಬೇಕೆಂದು ತಿಳಿದಿಲ್ಲ, ನೀವು ಒಂದು ತುದಿ ಕೊಟ್ಟಿದ್ದೀರಿ. ‘ಮನೇಲಿ ಬೆಳಗ್ಗೆಯಿಂದ ರಾತ್ರಿವರೆಗೆ ಹೇಗೆ ಸಾಗುತ್ತೆ, ಹೇಳಮ್ಮ’ ಎಂದು ಕೇಳಿದರೆ ಅತ್ತೆಯ ಮಾತು ಬಂದರೂ ಬರಬಹುದು, ಬಿಟ್ಟುಬಂದ ಕೆಲಸದ ಮಾತು ಬರಬಹುದು, ಇನ್ನೂ ಯಾರಿಗೂ ಹೇಳದ ಗರ್ಭಪಾತದ ಮಾತು ಬರಬಹುದು.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ನೆನಪು ಬದಲಾಗುತ್ತದೆ ಎಂದು ಓದಿದ ಕೂಡಲೇ ಕೆಲವರಿಗೆ ಬಂದವರ ಮಾತಿನ ಮೇಲೆಲ್ಲ ಅನುಮಾನ ಶುರುವಾಗುತ್ತದೆ. ಲಾಫ್ಟಸ್ ಅವರ ಪ್ರಯೋಗದಲ್ಲಿ ನೆನಪನ್ನು ತಿದ್ದಿದ್ದು ಕೇಳಿದವರ ಪದ. ಅನುಮಾನ ಪಡಬೇಕಾದ್ದು ನಮ್ಮ ಪ್ರಶ್ನೆಯ ಮೇಲೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಅಧ್ಯಾಯ. ಇನ್ನೊಬ್ಬರು ಮಾಡಿದ ಕೆಲಸಕ್ಕೆ ನಾವು ಕಾರಣ ಹುಡುಕುವ ಬಗೆ. ರಸ್ತೆಯಲ್ಲಿ ಯಾರಾದರೂ ಅಡ್ಡ ನುಗ್ಗಿದರೆ ಅವನು ಒರಟ. ನಾವೇ ನುಗ್ಗಿದರೆ ಆಸ್ಪತ್ರೆಗೆ ಹೊತ್ತಾಗಿತ್ತು. ಇನ್ನೊಬ್ಬರ ನಡತೆಗೆ ಅವರ ಸ್ವಭಾವವನ್ನೇ ಕಾರಣ ಮಾಡಿ ಅವರ ಪರಿಸ್ಥಿತಿಯನ್ನು ಮರೆಯುವ ಈ ಚಾಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ‘ಮೂಲಭೂತ ದೋಷ’ ಎಂದೇ ಹೆಸರಿಟ್ಟರು. ಹೆಸರು ಕೇಳಿದರೆ ಮನುಷ್ಯರೆಲ್ಲರಿಗೂ ಇರುವ ದೋಷ ಅನ್ನಿಸುತ್ತದೆ.

ಎಲ್ಲರಿಗೂ ಒಂದೇ ಸಮನಾಗಿ ಇದೆಯೇ ಎಂಬುದಕ್ಕೆ ಒಂದು ಉತ್ತರ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಷಿಕಾಗೋದ ಮಕ್ಕಳು ಮತ್ತು ದೊಡ್ಡವರನ್ನೂ ಮೈಸೂರಿನ ಮಕ್ಕಳು ಮತ್ತು ದೊಡ್ಡವರನ್ನೂ ಕೂರಿಸಿಕೊಂಡು, ನಿಮಗೆ ಗೊತ್ತಿರುವ ಯಾರಾದರೂ ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರು ಎಂದು ವಿವರಿಸಿ ಎಂದು ಕೇಳಿದರು. 1984ರಲ್ಲಿ ಪ್ರಕಟವಾದ ಅಧ್ಯಯನ ಅದು. ಚಿಕ್ಕ ಮಕ್ಕಳ ಉತ್ತರದಲ್ಲಿ ಎರಡೂ ಊರಿಗೆ ಅಷ್ಟೇನೂ ವ್ಯತ್ಯಾಸವಿರಲಿಲ್ಲ. ವಯಸ್ಸಾದಂತೆ ದಾರಿ ಬೇರೆಯಾಯಿತು. ಷಿಕಾಗೋದ ದೊಡ್ಡವರು ಹೆಚ್ಚಾಗಿ ವ್ಯಕ್ತಿಯ ಗುಣ ಹೇಳಿದರು. ಮೈಸೂರಿನವರು ಹೆಚ್ಚಾಗಿ ಸಂದರ್ಭ, ಸಂಬಂಧ, ಹೊಣೆ ಹೇಳಿದರು.

ಅದರಲ್ಲಿ ಒಂದು ಘಟನೆ ಬರುತ್ತದೆ. ವಕೀಲರೊಬ್ಬರು ಒಬ್ಬನನ್ನು ಹಿಂದೆ ಕೂರಿಸಿಕೊಂಡು ಮೋಟರ್‌ಸೈಕಲ್ಲಿನಲ್ಲಿ ಕೋರ್ಟಿಗೆ ಹೊರಟಿದ್ದಾರೆ. ಟೈರು ಸಿಡಿದು ಹಿಂದೆ ಕೂತವನ ತಲೆಗೆ ಪೆಟ್ಟಾಗುತ್ತದೆ. ವಕೀಲರು ಅವನನ್ನು ಆಸ್ಪತ್ರೆಗೆ ಸೇರಿಸಿ ಕೋರ್ಟಿಗೆ ಹೋಗಿಬಿಡುತ್ತಾರೆ. ಆತ ಸಾಯುತ್ತಾನೆ. ವಕೀಲರು ಬೇಜವಾಬ್ದಾರಿ ಮನುಷ್ಯ ಎನ್ನುವ ಕಡೆಗೆ ಅಮೆರಿಕದವರು ವಾಲಿದರು. ಅಲ್ಲಿ ಕಕ್ಷಿದಾರ ಕಾಯುತ್ತಿದ್ದಾನೆ, ಕೋರ್ಟಿಗೆ ಹೋಗುವುದು ಅವರ ಕರ್ತವ್ಯ, ಗಾಬರಿಯೂ ಆಗಿರಬಹುದು ಎನ್ನುವ ಕಡೆಗೆ ನಮ್ಮವರು.

ಇದನ್ನು ಕೇಳಿ, ನಾವೇ ವಾಸಿ ಎಂದು ಬೀಗುವ ಹಾಗಿಲ್ಲ. ಸಂದರ್ಭ ನೋಡುವ ಕಣ್ಣು ನಮಗಿದೆ, ನಿಜ. ಆದರೂ ತರಗತಿಯಲ್ಲಿ ಹುಡುಗನ ಅಂಕ ಇಳಿದರೆ ಮೊದಲು ಬಾಯಿಗೆ ಬರುವುದು ‘ಸೋಮಾರಿ’ ಎಂಬ ಪದವೇ. ಅವನು ಬೆಳಗ್ಗೆ ಹಾಲು ಹಾಕಿ ಬರುತ್ತಾನೋ, ಮನೆಯಲ್ಲಿ ಓದಲು ದೀಪ ಇದೆಯೋ, ಅಪ್ಪ ಕುಡಿದು ಬರುತ್ತಾನೋ ಎಂಬುದು ಆಮೇಲೆ. ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ತಪ್ಪು. ಸಂದರ್ಭಕ್ಕೆ, ಹೊಣೆಗೆ ನಾವು ಎಷ್ಟು ಬೆಲೆ ಕೊಡುತ್ತೇವೆಂದರೆ, ಎದುರು ಕೂತವರಿಗೆ ಸ್ವಂತದ್ದೊಂದು ಇಷ್ಟ ಇರಬಹುದು ಎಂಬುದೇ ಮರೆತುಹೋಗುತ್ತದೆ. ಇಪ್ಪತ್ತೆರಡರ ಹುಡುಗಿ ಈಗ ಮದುವೆ ಬೇಡ ಎಂದರೆ, ಸಮಾಲೋಚಕರ ಎರಡನೆಯ ಪ್ರಶ್ನೆ ‘ಅಪ್ಪ ಅಮ್ಮ ಏನಂತಾರೆ?’ ಎಂದಿರುತ್ತದೆ. ಅಪ್ಪ ಅಮ್ಮ ಏನನ್ನುತ್ತಾರೆಂದು ಆಕೆಗೆ ಚೆನ್ನಾಗಿ ಗೊತ್ತು. ಅದಕ್ಕೇ ನಿಮ್ಮಲ್ಲಿಗೆ ಬಂದಿದ್ದಾಳೆ.

ಪಠ್ಯಪುಸ್ತಕಗಳು ಹೆಚ್ಚಾಗಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗಗಳಿಂದ ತುಂಬಿವೆ. ಓದುವಾಗ ಪಕ್ಕದಲ್ಲಿ ‘ಇದು ನಮ್ಮ ತಾಲ್ಲೂಕಿನಲ್ಲಿ ಹೀಗೆಯೇ ಆಗುತ್ತದೆಯೇ?’ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಅಭ್ಯಾಸ ಒಳ್ಳೆಯದು.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಹೆಸರು ನಿಮ್ಮ ಪಠ್ಯದಲ್ಲಿ ಬಂದೇ ಬರುತ್ತದೆ. 1957ರ ಲೇಖನದಲ್ಲಿ ಅವರು ಹೇಳಿದ್ದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ: ಸಮಾಲೋಚಕರು ನಟಿಸದೆ ತಾವು ತಾವಾಗಿರಬೇಕು, ಬಂದವರನ್ನು ಷರತ್ತಿಲ್ಲದೆ ಆದರಿಸಬೇಕು, ಅವರ ಲೋಕವನ್ನು ಅವರ ಕಣ್ಣಿಂದ ನೋಡಬೇಕು. ಸರಿ. ಆದರೆ ರೋಜರ್ಸ್ ಮಾಡಿದ ಇನ್ನೊಂದು ದೊಡ್ಡ ಕೆಲಸಕ್ಕೆ ತರಗತಿಯಲ್ಲಿ ಅಷ್ಟು ಸಮಯ ಸಿಗುವುದಿಲ್ಲ. 1940ರ ಸುಮಾರಿಗೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು, ಅವರ ವಿದ್ಯಾರ್ಥಿಗಳು ಸಮಾಲೋಚನೆಯ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಳ್ಳತೊಡಗಿದರು. ಮೂರು ಮೂರು ನಿಮಿಷಕ್ಕೆ ತಟ್ಟೆ ಬದಲಿಸಬೇಕಿದ್ದ ಕಾಲ. ಒಬ್ಬ ವ್ಯಕ್ತಿಯ ಜೊತೆ ನಡೆದ ಎಂಟೂ ಭೇಟಿಗಳ ಮಾತನ್ನು 1942ರ ಪುಸ್ತಕದಲ್ಲಿ ಅಕ್ಷರಶಃ ಅಚ್ಚು ಹಾಕಿಸಿದರು. ಮುಚ್ಚಿದ ಬಾಗಿಲ ಹಿಂದೆ ನಡೆಯುವ ಕೆಲಸವನ್ನು ಹೀಗೆ ಪರೀಕ್ಷೆಗೆ ಒಡ್ಡುವುದಕ್ಕೆ ಎದೆಗಾರಿಕೆ ಬೇಕು. ಆ ತಟ್ಟೆಗಳನ್ನು ಸಮಾಲೋಚಕರು ಬರೆದಿಟ್ಟ ಟಿಪ್ಪಣಿಯ ಜೊತೆ ಹೋಲಿಸಿದಾಗ, ನಡೆದ ಮಾತಿನಲ್ಲಿ ಬಹುಪಾಲು ಟಿಪ್ಪಣಿಯಲ್ಲಿ ಇರಲೇ ಇಲ್ಲ. ತಾವು ಬರೀ ಕೇಳುತ್ತಿದ್ದೇವೆ ಎಂದುಕೊಂಡವರು ದಾರಿ ತೋರಿಸುತ್ತಿದ್ದರು, ಬುದ್ಧಿ ಹೇಳುತ್ತಿದ್ದರು.

ಬುದ್ಧಿ ಹೇಳುವುದು ತಪ್ಪೇ? ಇಲ್ಲಿ ನನಗೆ ಪುಸ್ತಕದ ಜೊತೆ ಸ್ವಲ್ಪ ಜಗಳವಿದೆ. ನಮ್ಮಲ್ಲಿ ‘ಏನ್ ಮಾಡ್ಲಿ, ನೀವೇ ಹೇಳಿ ಸಾರ್’ ಎಂದುಕೊಂಡೇ ಜನ ಬರುತ್ತಾರೆ. ಅವರಿಗೆ ‘ಏನು ಮಾಡಬೇಕು ಎಂದು ನಿಮಗೆ ಅನ್ನಿಸುತ್ತಿದೆ’ ಎಂದು ಗಿಳಿಪಾಠ ಒಪ್ಪಿಸಿದರೆ, ಇವರಿಗೇ ಏನೂ ಗೊತ್ತಿಲ್ಲ ಎಂದು ಎದ್ದು ಹೋಗುತ್ತಾರೆ. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ, ಭಾರತದಲ್ಲಿ ಗುರು-ಶಿಷ್ಯ ಸಂಬಂಧವನ್ನೂ ಚಿಕಿತ್ಸೆಗೆ ಒಂದು ಮಾದರಿಯಾಗಿ ನೋಡಬಹುದಲ್ಲ ಎಂದು ಬರೆದಿದ್ದರು. ಹಾಗೆಂದು ಎಲ್ಲರೂ ಗುರುಗಳಾಗಿ ಪೀಠ ಏರುವುದೂ ಬೇಡ. ಹಿಂಸೆಯ ದೂರು ಎಲ್ಲಿ ಕೊಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಕೇಳಿದರೆ ನೇರವಾಗಿ ಹೇಳಿ. ಗಂಡನನ್ನು ಬಿಡಲೇ ಎಂದು ಕೇಳಿದರೆ ನಿಮ್ಮ ಅಭಿಪ್ರಾಯ ನಿಮ್ಮ ಹತ್ತಿರವೇ ಇರಲಿ, ಆಕೆಯ ಲೆಕ್ಕಾಚಾರ ಆಕೆಗೆ ಕಾಣುವ ಹಾಗೆ ಜೊತೆಗಿರಿ.

ಕೆಲವನ್ನು ಮಾತ್ರ ಚರ್ಚೆಯಿಲ್ಲದೆ ನೆನಪಿಡಬೇಕು. ಸಾಯುವ ಮಾತು ಎತ್ತಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಹಾಗಾಗುವುದಿಲ್ಲ. ಅನುಮಾನ ಬಂದರೆ ‘ಸಾಯಬೇಕು ಅಂತ ಅನ್ನಿಸುತ್ತಾ?’ ಎಂದು ಸ್ಪಷ್ಟವಾಗಿ ಕೇಳಿ. ಹೌದು ಎಂದರೆ ಅವರನ್ನು ಒಂಟಿಯಾಗಿ ಕಳಿಸಬೇಡಿ, ಮನೋವೈದ್ಯರಿಗೆ ತಲುಪಿಸಿ. ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಯಾರಿಗೂ ಕೇಳದ ದನಿ ಕೇಳಿಸುವುದು, ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಉತ್ಸಾಹ, ಇಂಥವು ನಿಮ್ಮ ಕೋಣೆಯಲ್ಲಿ ಮಾತಿನಿಂದ ಮುಗಿಯುವ ಸಂಗತಿಗಳಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, ಗುಟ್ಟು ಕಾಪಾಡುವ ಮಾತು ಅಲ್ಲಿಗೆ ನಿಂತಿತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ‘ನೀವು ಏನು ಹೇಳಿದರೂ ಯಾರಿಗೂ ಹೇಳೋದಿಲ್ಲ’ ಎಂದು ಮೊದಲ ದಿನ ಆಣೆ ಇಟ್ಟುಬಿಡಬೇಡಿ. ಯಾವುದನ್ನು ಹೇಳಬೇಕಾಗಿ ಬರುತ್ತದೆ ಎಂಬುದನ್ನು ಮೊದಲೇ ತಿಳಿಸಿ.

ತರಬೇತಿಯಲ್ಲಿರುವವರಿಗೆ ಒಂದು ಅಭ್ಯಾಸ ಹೇಳಿ ಮುಗಿಸುತ್ತೇನೆ. ರೋಜರ್ಸ್‌ಗೆ ತಟ್ಟೆ ಬೇಕಿತ್ತು, ನಿಮ್ಮ ಹತ್ತಿರ ಫೋನಿದೆ. ಜೊತೆಯಲ್ಲಿ ಕಲಿಯುವವರೊಬ್ಬರನ್ನು ಎದುರು ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು, ಅವರಿಗಿರುವ ಒಂದು ಸಣ್ಣ ತೊಂದರೆಯ ಬಗ್ಗೆ ಹತ್ತು ನಿಮಿಷ ಮಾತಾಡಿಸಿ. ಆ ಮಾತು ಫೋನಿನಲ್ಲಿ ಧ್ವನಿಮುದ್ರಣವಾಗಲಿ. ಕೇಳುವ ಮೊದಲು, ಏನೇನು ನಡೆಯಿತು ಎಂದು ನೆನಪಿನಿಂದ ಒಂದು ಪುಟ ಬರೆಯಿರಿ. ಆಮೇಲೆ ಧ್ವನಿಮುದ್ರಣ ಕೇಳುತ್ತ ಪದ ಬಿಡದೆ ಇನ್ನೊಂದು ಹಾಳೆಗೆ ಇಳಿಸಿ. ನಿಮ್ಮ ಪ್ರತಿ ಮಾತಿನ ಪಕ್ಕದಲ್ಲೂ ಗುರುತು ಹಾಕಿ: ಇದು ಪ್ರಶ್ನೆ, ಇದು ಬುದ್ಧಿವಾದ, ಇದು ನನ್ನದೇ ಕಥೆ, ಇಲ್ಲಿ ಅವರ ಮಾತನ್ನು ಅರ್ಧಕ್ಕೆ ತಡೆದೆ. ಎರಡೂ ಹಾಳೆ ಅಕ್ಕಪಕ್ಕ ಇಟ್ಟು ಓದಿ, ಎದುರು ಕೂತವರಿಗೂ ಓದಲು ಕೊಡಿ. ಅವರಿಗೆ ಎಲ್ಲಿ ಕೇಳಿಸಿಕೊಂಡಂತೆ ಅನ್ನಿಸಿತು, ಎಲ್ಲಿ ಅನ್ನಿಸಲಿಲ್ಲ ಎಂದು ಅವರೇ ಹೇಳಲಿ. ಕೆಲಸ ಮುಗಿದ ಮೇಲೆ ಆ ಧ್ವನಿಮುದ್ರಣವನ್ನು ಅವರ ಎದುರಿಗೇ ಅಳಿಸಿಬಿಡಿ.

ನಮಸ್ಕಾರ.