ನಾಲ್ಕನೆಯ ಆಟ ಬಟ್ಟೆ ಒಣಗಿಸುವುದು

ಈಗ ನೀವು ನೋಡುತ್ತಿರುವುದು ನಮ್ಮ ಮನೆಯ ಬಾಲ್ಕನಿ. ಹಗ್ಗದ ಮೇಲೆ ಎರಡು ಸ್ವಿಮ್‌ಸೂಟ್, ಒಂದು ಸೈಕ್ಲಿಂಗ್ ಶಾರ್ಟ್ಸ್, ಎರಡು ಜೊತೆ ಸಾಕ್ಸ್. ಮೂಲೆಯಲ್ಲಿ ನಾಲಿಗೆ ಚಾಚಿಕೊಂಡು ಕೂತಿರುವ ಶೂ. ಇದೆಲ್ಲ ಎರಡೇ ದಿನದ್ದು. ಮೆಷಿನ್ ಒಳಗೆ ಇನ್ನೂ ಒಂದು ರಾಶಿ ತಿರುಗುತ್ತಿದೆ.

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ. ಒಂದರಿಂದ ಇನ್ನೊಂದಕ್ಕೆ ದಾಟುವ ಟ್ರಾನ್ಸಿಷನ್ನೇ ನಾಲ್ಕನೆಯ ಆಟ ಅಂತ ಹಳಬರು ಹೇಳುತ್ತಾರೆ. ನನ್ನನ್ನು ಕೇಳಿದರೆ ನಾಲ್ಕನೆಯದು ಬಟ್ಟೆ ಒಣಗಿಸುವುದು. ಟ್ರಾನ್ಸಿಷನ್ ರೇಸ್ ದಿನ ಮಾತ್ರ. ಇದು ದಿನಾ.

ಸೈಕಲ್ ಯಾವುದು, ವೀಲ್ ಯಾವುದು ಅಂತ ತುಂಬ ಜನ ಕೇಳಿದ್ದೀರಿ. ಇವತ್ತು ಅದು ಬೇಡ. ಯಾರೂ ಫೋಟೋ ತೆಗೆದು ಹಾಕದ, ಆದರೆ ಇಲ್ಲದಿದ್ದರೆ ನನ್ನ ದಿನವೇ ನಡೆಯದ ಸಾಮಾನುಗಳನ್ನು ತೋರಿಸುತ್ತೇನೆ.

ಮೊದಲು ಈ ಜಾಲರಿ ಚೀಲ. ತರಕಾರಿ ತರುವ ಚೀಲ ಅಂದುಕೊಂಡರೂ ತಪ್ಪಿಲ್ಲ. ಒದ್ದೆಯಾದದ್ದೆಲ್ಲ ಇದರೊಳಗೆ. ಗಾಳಿ ಆಡುತ್ತದೆ, ನೀರು ಸೋರಿ ಹೋಗುತ್ತದೆ. ಇದು ಬರುವುದಕ್ಕೆ ಮುಂಚೆ ಎಲ್ಲವನ್ನೂ ಒಂದೇ ಬ್ಯಾಗಿಗೆ ತುರುಕುತ್ತಿದ್ದೆ. ಒಂದು ಸಲ ಒದ್ದೆ ಟವೆಲ್ ಮರೆತು ಎರಡು ದಿನ ಜಿಪ್ ತೆಗೆಯಲೇ ಇಲ್ಲ. ಅಮ್ಮ ಬಂದು, "ನಿನ್ನ ಬ್ಯಾಗಲ್ಲಿ ಏನೋ ಸತ್ತಿದೆ ಕಣೋ, ನೋಡು" ಅಂದರು. ಸತ್ತಿರಲಿಲ್ಲ. ಆದರೆ ಬೆಳೆಯುತ್ತಿತ್ತು.

ಇದು ಕ್ಲಿಪ್ ಹ್ಯಾಂಗರ್. ಮಕ್ಕಳ ಬಟ್ಟೆ ಒಣಹಾಕುತ್ತಾರಲ್ಲ, ಅದೇ. ಕ್ಯಾಪ್, ಗಾಗಲ್ಸ್, ಸಾಕ್ಸ್, ಎದೆಬಡಿತ ಅಳೆಯುವ ಹಾರ್ಟ್ ರೇಟ್ ಸ್ಟ್ರಾಪ್, ಎಲ್ಲ ಸಾಲಾಗಿ ನೇತಾಡುತ್ತವೆ. ಬೆಳಗ್ಗೆ ಲೈಟ್ ಹಾಕದೆ, ಯಾರನ್ನೂ ಎಬ್ಬಿಸದೆ, ಕೈ ಚಾಚಿದರೆ ಬೇಕಾದ್ದು ಸಿಗುತ್ತದೆ. ಪಕ್ಕದಲ್ಲಿರುವುದು ಹಳೆ ಪೇಪರ್. ಮಳೆಯಲ್ಲಿ ಓಡಿ ಬಂದ ಮೇಲೆ ಶೂ ಒಳಗಿನ ಸೋಲ್ ಹೊರಗೆ ತೆಗೆದು ಪೇಪರ್ ಉಂಡೆ ಮಾಡಿ ತುಂಬಿ. ಒಂದು ಗಂಟೆ ಬಿಟ್ಟು ಬದಲಾಯಿಸಿ. ಮೊದಲನೇ ಉಂಡೆ ಹಿಂಡಿದರೆ ನೀರು ಬರುತ್ತದೆ, ಅಷ್ಟು ಕುಡಿದಿರುತ್ತದೆ. ಬೇಗ ಒಣಗಲಿ ಅಂತ ಹೀಟರ್ ಮುಂದೆ ಮಾತ್ರ ಇಡಬೇಡಿ, ಅಂಟು ಬಿಡುತ್ತದೆ.

ಬಟ್ಟೆ ಒಗೆಯುವಾಗ ಘಮ ಬರಲಿ ಅಂತ ಹಾಕುವ ಸಾಫ್ಟ್‌ನರ್ ಇದೆಯಲ್ಲ, ಅದನ್ನೂ ಬಿಡಿ. ನೂಲಿನ ಮೇಲೆ ಒಂದು ಪದರ ಕೂರುತ್ತದೆ. ಆಮೇಲೆ ಬಟ್ಟೆ ಬೆವರು ಎಳೆಯುವುದಿಲ್ಲ. ಸ್ವಿಮ್‌ಸೂಟ್ ತಗೊಳ್ಳುವಾಗ ಒಳಗಿನ ಲೇಬಲ್ ಓದಿ. ಎಲಾಸ್ಟೇನ್, ಅಂದರೆ ಲೈಕ್ರಾ ಜಾಸ್ತಿ ಇದ್ದರೆ ಹಾಕಿಕೊಳ್ಳಲು ಮೆತ್ತಗೆ, ಆದರೆ ಕ್ಲೋರಿನ್ ಅದನ್ನು ತಿಂದು ಹಾಕುತ್ತದೆ. ಪಾಲಿಯೆಸ್ಟರ್ ಜಾಸ್ತಿ ಇರುವುದು ಸ್ವಲ್ಪ ಬಿಗಿ, ಆದರೆ ಬಾಳಿಕೆ ಬರುತ್ತದೆ. ಹಾಗೇ ಕೊಳಕ್ಕೆ ಇಳಿಯುವ ಮುಂಚೆ ಶವರ್ ಕೆಳಗೆ ತಲೆ ಒದ್ದೆ ಮಾಡಿಕೊಳ್ಳಿ. ಒಳ್ಳೆ ನೀರು ಮೊದಲೇ ಕುಡಿದ ಕೂದಲಿಗೆ ಕ್ಲೋರಿನ್ ನೀರು ಅಷ್ಟಾಗಿ ಇಳಿಯುವುದಿಲ್ಲ.

ಈಗ ಗಾಗಲ್ಸ್. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಎಡಗಣ್ಣಿನ ಗಾಜಿನ ಒಳಗಡೆ ಅರ್ಧಚಂದ್ರದ ಹಾಗೆ ಒಂದು ಗೀಟು ಕಾಣುತ್ತಿದೆಯಾ? ಅದು ನನ್ನ ಹೆಬ್ಬೆರಳು ಮಾಡಿದ್ದು. ಹೊಸ ಗಾಗಲ್ಸ್ ಒಳಗೆ ಮಂಜು ಕಟ್ಟದ ಹಾಗೆ ತೆಳುವಾದ ಲೇಪ ಇರುತ್ತದೆ. ಸ್ವಲ್ಪ ಮಸುಕಾದ ತಕ್ಷಣ ನಾವು ಬೆರಳು ಹಾಕಿ ತಿಕ್ಕುತ್ತೇವೆ. ಅಲ್ಲಿಗೆ ಲೇಪದ ಕಥೆ ಮುಗಿಯಿತು. ನಾನು ಹೀಗೆ ಮೂರು ಜೊತೆ ಹಾಳು ಮಾಡಿದೆ. ಗಾಗಲ್ಸೇ ಸರಿಯಿಲ್ಲ ಅಂತ ಬೈದುಕೊಂಡು ನಾಲ್ಕನೆಯದು ತಂದೆ. ಈಗ ಒಳಗೆ ಬೆರಳು ಹಾಕುವುದಿಲ್ಲ. ಲೇಪ ಹೋದ ಹಳೆಯದಕ್ಕೆ ಮಕ್ಕಳ ಶಾಂಪೂ ಒಂದು ಹನಿ ಸವರಿ, ನೀರಲ್ಲಿ ಒಮ್ಮೆ ಅದ್ದಿ ತೆಗೆಯುತ್ತೇನೆ. ಮಕ್ಕಳದ್ದೇ ಯಾಕೆಂದರೆ ಕಣ್ಣು ಉರಿಯುವುದಿಲ್ಲ. ರೇಸ್ ದಿನ ಎರಡು ಕ್ಯಾಪ್ ಹಾಕಿ ಮಧ್ಯದಲ್ಲಿ ಗಾಗಲ್ಸ್ ಪಟ್ಟಿ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಗುಂಪಿನಲ್ಲಿ ಯಾರದೋ ಕಾಲು ಮುಖಕ್ಕೆ ಬಡಿದರೂ ಗಾಗಲ್ಸ್ ನೀರುಪಾಲಾಗುವುದಿಲ್ಲ.

ವಾಚ್ ಬಗ್ಗೆ ಹೇಳದೆ ಬಿಟ್ಟರೆ ಕಾಮೆಂಟಲ್ಲಿ ಕೇಳುತ್ತೀರಿ. ಈಜು, ಸೈಕಲ್, ಓಟ ಮೂರನ್ನೂ ಒಂದೇ ಗುಂಡಿಯಲ್ಲಿ ಬದಲಾಯಿಸುವ ಮಲ್ಟಿಸ್ಪೋರ್ಟ್ ಮೋಡ್ ಇದ್ದರೆ ಸಾಕು. ಇನ್ನೊಂದು ವಿಷಯ. ಒಳಾಂಗಣ ಕೊಳದಲ್ಲಿ ಜಿಪಿಎಸ್ ನಡೆಯುವುದಿಲ್ಲ. ನಿಮ್ಮ ಕೈ ಬೀಸುವ ರೀತಿ ನೋಡಿ ವಾಚ್ ಸುತ್ತು ಎಣಿಸುತ್ತದೆ. ಕೊಳದ ಉದ್ದ ನಾವೇ ಹೇಳಬೇಕು. ನಾನು 50 ಮೀಟರ್ ಕೊಳದಲ್ಲಿ 25 ಅಂತಲೇ ಬಿಟ್ಟು ಒಂದು ವಾರ ಈಜಿದೆ. ವೇಗ ಅರ್ಧಕ್ಕೆ ಇಳಿದಿದೆ ಅಂತ ಕೋಚ್ ಮುಂದೆ ಅತ್ತಿದ್ದೇ ಬಂತು.

ಮುಂದಿನದು ಮುಜುಗರದ ವಿಷಯ. ಆದರೂ ಹೇಳಲೇಬೇಕು. ಬಟ್ಟೆ ಚರ್ಮಕ್ಕೆ ಉಜ್ಜಿ ಉಜ್ಜಿ ಗಾಯವಾಗುವುದು. ಕಂಕುಳು, ತೊಡೆ ಸಂದು, ಕತ್ತಿನ ಹಿಂದೆ, ಗಂಡಸರಾದರೆ ಎದೆ ಮೇಲೂ. ಓಡುವಾಗ ಗೊತ್ತಾಗುವುದಿಲ್ಲ. ಸ್ನಾನಕ್ಕೆ ನಿಂತು ಮೊದಲ ಚೊಂಬು ನೀರು ಬಿದ್ದಾಗ ಗೊತ್ತಾಗುತ್ತದೆ. ಆ ಕೂಗು ಪಕ್ಕದ ಮನೆಗೂ ಕೇಳಿಸುತ್ತದೆ. ಅದಕ್ಕೆ ಈ ಕಡ್ಡಿ. ಡಿಯೋಡರೆಂಟ್ ತರಹ ಸವರಿಕೊಳ್ಳುವುದು, ಕೈ ಜಿಡ್ಡಾಗುವುದಿಲ್ಲ. ಬರೀ ಓಟಕ್ಕೆ ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ. ವೆಟ್‌ಸೂಟ್ ಅಂದರೆ ತಣ್ಣೀರಿನಲ್ಲಿ ಈಜಲು ಹಾಕುವ ನಿಯೋಪ್ರೀನ್ ರಬ್ಬರ್ ಉಡುಪು. ಅದನ್ನು ಹಾಕುವ ದಿನ ಮಾತ್ರ ಜೆಲ್ಲಿ ಬೇಡ, ನಿಯೋಪ್ರೀನ್‌ಗೆ ಒಳ್ಳೆಯದಲ್ಲ ಅಂತ ಸೂಟ್ ಮಾಡುವವರೇ ಹೇಳುತ್ತಾರೆ.

ವೆಟ್‌ಸೂಟ್ ಅಂದ ತಕ್ಷಣ ನೆನಪಾಯಿತು. ನನ್ನ ಕಿಟ್‌ನಲ್ಲಿ ಎರಡು ಪ್ಲಾಸ್ಟಿಕ್ ಕವರ್ ಮತ್ತು ಒಂದು ನೇಲ್ ಕಟ್ಟರ್ ಸದಾ ಇರುತ್ತವೆ. ಸೂಟ್ ದಪ್ಪ 5 ಮಿಲಿಮೀಟರ್ ಮೀರಬಾರದು ಅನ್ನುವುದು ನಿಯಮ. ಕೆಲವು ಕಡೆ ಅದಕ್ಕಿಂತಲೂ ತೆಳು ಇರುತ್ತದೆ. ಉಗುರು ಚುಚ್ಚಿದರೆ ಸೀಳುತ್ತದೆ. ಕಾಲಿಗೆ ಕವರ್ ಹಾಕಿಕೊಂಡು ಸೂಟ್ ಒಳಗೆ ತೂರಿಸಿ ನೋಡಿ, ಜಾರಿಕೊಂಡು ಹೋಗುತ್ತದೆ. ಇದು ಗೊತ್ತಿಲ್ಲದಾಗ ಒಂದು ಕಾಲು ತೂರಿಸುವಷ್ಟರಲ್ಲೇ ನನಗೆ ಬೆವರು ಕಿತ್ತು ಬರುತ್ತಿತ್ತು.

ನನ್ನ ಮೊದಲ ರೇಸ್ ಸ್ಪ್ರಿಂಟ್, ಅಂದರೆ ಕಡಿಮೆ ದೂರದ ಟ್ರಯಥ್ಲಾನ್. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಸೈಕಲ್ ಇಳಿದು ಶೂ ಹಾಕಲು ಬಗ್ಗಿದೆ. ಬೆರಳು ಮರಗಟ್ಟಿ ನಡುಗುತ್ತಿದ್ದವು. ಲೇಸ್ ಕಟ್ಟಿದೆ, ಬಿಚ್ಚಿತು. ಮತ್ತೆ ಕಟ್ಟಿದೆ, ಗಂಟಾಯಿತು. ನನಗಿಂತ ಆಮೇಲೆ ಬಂದ ಹಿರಿಯರೊಬ್ಬರು ಎರಡು ಸಲ ಕಾಲು ಒತ್ತಿದರು, ಶೂ ಒಳಗೆ ಹೋಯಿತು, ಅವರು ಹೊರಟೇಹೋದರು. ನಾನು ಅವರ ಬೆನ್ನು ನೋಡುತ್ತಾ ಇನ್ನೂ ಗಂಟು ಬಿಡಿಸುತ್ತಿದ್ದೆ. ಅವರ ಶೂನಲ್ಲಿ ಇದ್ದದ್ದು ಇದು, ರಬ್ಬರ್ ಲೇಸ್. ಒಮ್ಮೆ ಅಳತೆಗೆ ಹೊಂದಿಸಿದರೆ ಕಟ್ಟುವ ಕೆಲಸವೇ ಇಲ್ಲ. ಈಗ ಮನೆಯಲ್ಲಿರುವ ಎಲ್ಲ ಶೂಗೂ ಇದನ್ನೇ ಹಾಕಿದ್ದೇನೆ, ಆಫೀಸ್ ಶೂ ಒಂದನ್ನು ಬಿಟ್ಟು. ನಿಜ ಹೇಳಬೇಕೆಂದರೆ ಅದರ ಮೇಲೂ ಕಣ್ಣಿದೆ.

ನಂಬರ್ ಬೆಲ್ಟ್ ಕೂಡ ಹಾಗೆಯೇ. ಪಿನ್ ಚುಚ್ಚಿ ಒಳ್ಳೆ ಟ್ರೈಸೂಟ್ (ಮೂರೂ ಆಟಕ್ಕೆ ಹಾಕುವ ಒಂದೇ ಉಡುಪು) ತೂತು ಮಾಡುವ ಬದಲು ಸೊಂಟಕ್ಕೆ ಒಂದು ಎಲಾಸ್ಟಿಕ್ ಪಟ್ಟಿ. ಸೈಕಲ್ ಮೇಲೆ ನಂಬರ್ ಹಿಂದಕ್ಕೆ, ಓಡುವಾಗ ಮುಂದಕ್ಕೆ ತಿರುಗಿಸಿಕೊಂಡರೆ ಆಯಿತು. ನಮ್ಮ ಸಮಯ ದಾಖಲಿಸುವ ಟೈಮಿಂಗ್ ಚಿಪ್ ಎಡಗಾಲಿಗೆ ಕಟ್ಟಿ. ಸೈಕಲ್ ಚೈನ್ ಇರುವುದು ಬಲಗಡೆ ಅಲ್ವಾ, ಅದಕ್ಕೆ. ಹೆಲ್ಮೆಟ್ ಅನ್ನು ಹ್ಯಾಂಡಲ್ ಮೇಲೆ ಅಂಗಾತ ಇಟ್ಟು ಪಟ್ಟಿಗಳನ್ನು ಎರಡೂ ಕಡೆ ಹೊರಗೆ ಬಿಡಿ. ಬಕಲ್ ಹಾಕದೆ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಹಾಗಿಲ್ಲ. ತೆಗೆದರೆ ಪೆನಾಲ್ಟಿ ಬೀಳುತ್ತದೆ.

ಪೆಡಲ್‌ಗೆ ಶೂ ಮೊದಲೇ ಸಿಕ್ಕಿಸಿ, ರಬ್ಬರ್ ಬ್ಯಾಂಡಿನಲ್ಲಿ ಅಡ್ಡಕ್ಕೆ ನಿಲ್ಲಿಸಿ, ಓಡುತ್ತಾ ಸೈಕಲ್ ಮೇಲೆ ಹಾರುವ ಕಸರತ್ತನ್ನು ನಾನೂ ಕಲಿತೆ. ಮೂರು ಸಲ ಬಿದ್ದೆ. ಈಗ ಶೂ ಹಾಕಿಕೊಂಡೇ ಟಕಟಕ ಅಂತ ನಡೆದುಕೊಂಡು ಹೋಗುತ್ತೇನೆ.

ಇನ್ನು ನೀರಿನ ಬಾಟಲಿ. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ತುಂಬ ಉದ್ದದ ಟ್ರಯಥ್ಲಾನ್ ಆದ ಮೊದಲ ಐರನ್‌ಮ್ಯಾನ್ ನಡೆದಾಗ 15 ಜನ ಹೊರಟು 12 ಜನ ಮುಗಿಸಿದರು. ಆಗ ಸ್ಪರ್ಧಿಗೆ ನೀರು ಕೊಡುವುದು ಅವನ ಜೊತೆ ಬಂದ ಗೆಳೆಯರ ಜವಾಬ್ದಾರಿ. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ನ ಗೆಳೆಯರ ಹತ್ತಿರ ಮ್ಯಾರಥಾನ್ ಓಟದ ಮಧ್ಯೆ ನೀರು ಮುಗಿದುಹೋಯಿತಂತೆ. ಅವರು ಕೊಟ್ಟಿದ್ದು ಬಿಯರ್. ನಮಗೆ ಅಂಥ ಗೆಳೆಯರಿಲ್ಲ, ಹಾಗಾಗಿ ಬಾಟಲಿ ನಾವೇ ತುಂಬಿಸಿಕೊಳ್ಳಬೇಕು. ನಾನು ವಾಚ್‌ನಲ್ಲಿ 20 ನಿಮಿಷಕ್ಕೊಮ್ಮೆ ಅಲಾರಂ ಇಡುತ್ತೇನೆ. ಕೂಗಿದಾಗೆಲ್ಲ ಒಂದು ಗುಟುಕು. ನನ್ನ ಮಟ್ಟಿಗೆ ಹಸಿವು, ಬಾಯಾರಿಕೆ ಆಗಲಿ ಅಂತ ಕಾದರೆ ತಡವಾಗಿರುತ್ತದೆ. ಶಕ್ತಿಗೆ ತಿನ್ನುವ ಸಿಹಿ ಜೆಲ್ ಪೊಟ್ಟಣದ ಬಾಯಿ ಮೊದಲೇ ಸ್ವಲ್ಪ ಹರಿದು ಇಟ್ಟುಕೊಳ್ಳಬಹುದು. ಆದರೆ ಆ ಅಂಟು ಬ್ರೇಕ್ ಹಿಡಿಗೂ ಹತ್ತುತ್ತದೆ, ವಾಚಿಗೂ ಹತ್ತುತ್ತದೆ. ಇದಕ್ಕೆ ನನ್ನ ಹತ್ತಿರ ಇನ್ನೂ ಉಪಾಯ ಇಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ.

ಸೀಟಿನ ಕೆಳಗಿನ ಈ ಪುಟ್ಟ ಚೀಲದಲ್ಲಿ ಒಂದು ಟ್ಯೂಬ್, ಎರಡು ಟೈರ್ ಲಿವರ್, ದಾರಿಯಲ್ಲಿ ಟ್ಯೂಬಿಗೆ ಗಾಳಿಯ ಬದಲು ತುಂಬಲು 16 ಗ್ರಾಂನ ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್, ಒಂದು ಜೊತೆ ತೆಳು ಗ್ಲೌಸ್. ಗ್ಲೌಸ್ ಗ್ರೀಸ್‌ಗೆ. ಗ್ಯಾಸ್ ಬಿಟ್ಟಾಗ ಸಿಲಿಂಡರ್ ಮಂಜುಗಡ್ಡೆಯಷ್ಟು ತಣ್ಣಗಾಗುತ್ತದೆ, ಬರಿಗೈಯಲ್ಲಿ ಹಿಡಿಯಬೇಡಿ. ಮನೆಗೆ ಬಂದ ಮೇಲೆ ಆ ಗಾಳಿ ಬಿಟ್ಟು ಪಂಪಿನಲ್ಲಿ ಮತ್ತೆ ತುಂಬಿ. ಸಿಒಟು ಟ್ಯೂಬಿನಿಂದ ಬೇಗ ಸೋರಿ ಹೋಗುತ್ತದೆ. ಬೆಳಗ್ಗೆ ನೋಡಿ ಮತ್ತೆ ಪಂಕ್ಚರ್ ಅಂತ ತಲೆ ಕೆಡಿಸಿಕೊಳ್ಳಬೇಡಿ. ಚೈನ್ ಉಜ್ಜಲು ಹಳೆ ಟೂತ್‌ಬ್ರಷ್. ಕಾಲು ನೋವಿಗೆ ಟೆನಿಸ್ ಬಾಲ್, ಪಾದದ ಕೆಳಗೆ ಉರುಳಿಸುವುದು. ಅಷ್ಟೇ.

ಕೊನೆಗೆ, ನಾನು ಈಗ ಕೂತಿರುವುದು ಯಾವುದರ ಮೇಲೆ ಅಂತ ತೋರಿಸುತ್ತೇನೆ. ಬಕೆಟ್. ಮುಚ್ಚಳ ಇರುವ ಗಟ್ಟಿ ಬಕೆಟ್. ರೇಸಿಗೆ ಹೋಗುವಾಗ ಎಲ್ಲ ಸಾಮಾನು ಇದರೊಳಗೆ. ಶೂ ಹಾಕುವಾಗ ಮಗುಚಿ ಹಾಕಿದರೆ ಇದೇ ಸ್ಟೂಲ್. ಬರುವಾಗ ಒದ್ದೆ ಬಟ್ಟೆ ಎಲ್ಲ ಇದಕ್ಕೆ ಸುರಿದರೆ ಕಾರಿನ ಸೀಟ್ ಉಳಿಯುತ್ತದೆ. ಬಟ್ಟೆ ನೆನೆಸುವುದೂ ಇದರಲ್ಲೇ. ನನ್ನ ಸಾಮಾನುಗಳಲ್ಲಿ ಇಷ್ಟು ದುಡಿಯುವುದು ಇನ್ನೊಂದಿಲ್ಲ, ಸೈಕಲ್ ಕೂಡ ಇಲ್ಲ.

ಕೇಳಿಸಿತಾ? ಮೆಷಿನ್ ಕೂಗುತ್ತಿದೆ. ಹಗ್ಗದ ಮೇಲೆ ಜಾಗ ಇಲ್ಲ. ಆ ಸಾಕ್ಸ್ ಒಣಗಿದೆಯಾ ಅಂತ ಮುಟ್ಟಿ ನೋಡುತ್ತೇನೆ, ತಾಳಿ. ಒಂದು ಒಣಗಿದೆ. ಇನ್ನೊಂದು ಇಲ್ಲ.